ಆಳು ಬಾರದ ದಿನ

ಒಬ್ಬನಿಂದಾಗದ ಕೆಲಸವು ಹತ್ತು ಜನ ಕೂಡಿದರೆ ಆಗುವುದು. ಆದರೆ ಕೂಡಿ ಮಾಡುವ ಕೆಲಸಕ್ಕೆ ಒಂದು ತೊಡಕುಂಟು. ಆ ಹತ್ತು ಜನರಲ್ಲಿ ಒಬ್ಬನು ಬಾರದೆ ಹೋದರೆ ಉಳಿದ ಒಂಬತ್ತು ಜನರ ಕೈಯೂ ಕಟ್ಟಿದಂತಾಗುವುದು. ಜ್ವರ, ನೆಂಟರ ಮನೆಯ ಸಾವು, ಮಗುವಿನ ಕಾಯಿಲೆ, ಇವಾವುವೂ ಹೇಳಿ ಕೇಳಿ ಬರುವುವಲ್ಲ. ಅಂಥ ದಿನಕ್ಕೆ ಒಂದು ತಂಡವು ಸಿದ್ಧವಾಗಿರುವುದು ಹೇಗೆ? ಉತ್ತರವನ್ನು ದೂರದಲ್ಲಿ ಅರಸಬೇಕಾಗಿಲ್ಲ. ಮಂಡ್ಯ, ಮದ್ದೂರು, ಮಳವಳ್ಳಿಗಳ ಆಲೆಮನೆಯೇ ಇದಕ್ಕೆ ಒಳ್ಳೆಯ ಪಾಠಶಾಲೆ.

ಕನ್ನಂಬಾಡಿ ಕಟ್ಟೆಯ ನೀರು ವಿಶ್ವೇಶ್ವರಯ್ಯ ನಾಲೆಯಲ್ಲಿ ಹರಿದ ಮೇಲೆ ಈ ಸೀಮೆ ಕಬ್ಬಿನ ಸೀಮೆಯಾಯಿತು. 1933ರಲ್ಲಿ ಮಂಡ್ಯದಲ್ಲಿ ಮೈಸೂರು ಸಕ್ಕರೆ ಕಂಪನಿ ಸ್ಥಾಪಿತವಾಯಿತು. ಆದರೂ ಕಬ್ಬಿನ ಒಂದು ಪಾಲು ಇಂದಿಗೂ ಆಲೆಮನೆಗೇ ಹೋಗುತ್ತಿದೆ. ಅಲ್ಲಿ ಒಬ್ಬನು ಗಾಣಕ್ಕೆ ಕಬ್ಬು ಕೊಡುವನು. ಒಬ್ಬನು ಸಿಪ್ಪೆಯನ್ನು ಹರಡಿ ಒಣಗಿಸುವನು. ಒಬ್ಬನು ಒಣಗಿದ ಸಿಪ್ಪೆಯನ್ನು ಒಲೆಗೆ ಹಾಕುವನು. ಒಬ್ಬನು ಕೊಪ್ಪರಿಗೆಯಲ್ಲಿ ಉಕ್ಕುವ ಮಡ್ಡಿಯನ್ನು ತೆಗೆಯುವನು. ಎಲ್ಲರ ಮೇಲೆ ಪಾಕ ನೋಡುವವನಿರುವನು. ಒಂದು ಟನ್ ಕಬ್ಬಿನಿಂದ ಸುಮಾರು 100 ಕಿಲೋ ಬೆಲ್ಲ ಬರಬೇಕಾದರೆ ಇವರೆಲ್ಲರ ಕೈ ಒಂದಾಗಬೇಕು.

ಇಲ್ಲಿ ಕಾಲವು ಯಾರಿಗೂ ಕಾಯುವುದಿಲ್ಲ. ಕಡಿದ ಕಬ್ಬು ದಿನ ಕಳೆದಂತೆ ಸಿಹಿ ಕಳೆದುಕೊಳ್ಳುವುದು. ಗಾಣದಿಂದಿಳಿದ ಹಾಲಾದರೋ ಕೆಲವೇ ಗಂಟೆಗಳಲ್ಲಿ ಹುಳಿಯುವುದು. ಆದುದರಿಂದ ಕೆಲಸ ನಿಂತ ನಷ್ಟವನ್ನು ನಾಳೆ ತುಂಬಿಕೊಳ್ಳುವೆನೆನ್ನುವಂತಿಲ್ಲ. ಸಾಲ ಮಾಡಿ ಬೆಳೆದ ಬಡರೈತನ ವರ್ಷದ ಗಳಿಕೆಯೇ ಅಲ್ಲಿ ಕರಗುವುದು.

ಎಲ್ಲರ ಗೈರುಹಾಜರಿಯೂ ಒಂದೇ ಬಗೆಯದಲ್ಲ ಎಂಬುದನ್ನು ಮೊದಲು ಗಮನಿಸಬೇಕು. ಸಿಪ್ಪೆ ಹರಡುವವನು ಬಾರದಿದ್ದರೆ ನೆರೆಮನೆಯವನು ಬಂದಾನು. ನಾಟಿಯ ಕಾಲದಲ್ಲಿ ಮುಯ್ಯಾಳು ಪದ್ಧತಿಯೂ ಇದನ್ನೇ ಮಾಡುತ್ತಿತ್ತು. ಇಂದು ನಾನು ನಿನ್ನ ಗದ್ದೆಗೆ, ನಾಳೆ ನೀನು ನನ್ನ ಗದ್ದೆಗೆ. ಆದರೆ ಮುಯ್ಯಿಯಿಂದ ಆಳು ಸಿಕ್ಕೀತೇ ಹೊರತು ಅನುಭವ ಸಿಕ್ಕದು. ಪಾಕವನ್ನು ಯಾವ ಗಳಿಗೆಯಲ್ಲಿ ಇಳಿಸಬೇಕೆಂಬುದು ಹಲವು ವರ್ಷಗಳ ವಿದ್ಯೆ. ತುಸು ಮುಂಚೆ ಇಳಿಸಿದರೆ ಬೆಲ್ಲ ಗಟ್ಟಿಯಾಗದು, ತುಸು ತಡೆದರೆ ಸೀದುಹೋಗುವುದು. ಆ ವಿದ್ಯೆ ಒಬ್ಬನ ಕಣ್ಣಿನಲ್ಲಿ ಮಾತ್ರ ಇದ್ದರೆ ಆಲೆಮನೆಯೆಲ್ಲವೂ ಅವನ ಆರೋಗ್ಯವನ್ನು ನೆಚ್ಚಿಕೊಂಡಂತಾಯಿತು.

ಇದಕ್ಕೆ ನಾಲ್ಕು ಉಪಾಯಗಳು ತೋರುತ್ತವೆ. ಮೊದಲನೆಯದು, ಪ್ರತಿಯೊಬ್ಬನೂ ಪಕ್ಕದವನ ಕೆಲಸವನ್ನು ಕಲಿಯುವುದು. ಮಡ್ಡಿ ತೆಗೆಯುವವನು ಪಾಕ ನೋಡುವವನ ಬಳಿಯಲ್ಲಿ ನಿಂತು, ಒಂದು ತೊಟ್ಟು ಪಾಕವನ್ನು ತಣ್ಣೀರಿಗೆ ಬಿಟ್ಟು ಉಂಡೆ ಕಟ್ಟುವುದೇ ಎಂದು ದಿನವೂ ಪರೀಕ್ಷಿಸಲಿ. ಎರಡನೆಯದು, ಬಲ್ಲವನ ಅರಿವನ್ನು ಬರೆದಿಡುವುದು. ಅಚ್ಚಿನ ಬೆಲ್ಲಕ್ಕೆ ಪಾಕವು ಸುಮಾರು 118 ಡಿಗ್ರಿ ಸೆಂಟಿಗ್ರೇಡಿಗೆ ಏರಬೇಕು. ಒಂದು ಉಷ್ಣಮಾಪಕವಿದ್ದರೆ ಹೊಸಬನಿಗೂ ದಾರಿ ಕಾಣುವುದು. ಮಳವಳ್ಳಿ ತಾಲ್ಲೂಕಿನ ಶಿವನಸಮುದ್ರದಿಂದ 1902ರಲ್ಲಿ ಕೋಲಾರದ ಚಿನ್ನದ ಗಣಿಗೆ ವಿದ್ಯುತ್ತು ಹರಿಯಿತಷ್ಟೆ. ಹಗಲಿರುಳು ನಡೆಯುವ ಅಂಥ ಕೇಂದ್ರಗಳಲ್ಲಿ ಒಂದು ಪಾಳಿಯವರು ಬರೆದಿಟ್ಟುದನ್ನು ಓದಿ ಮುಂದಿನ ಪಾಳಿಯವರು ಹೊಣೆ ಹೊರುವರು. ಮೂರನೆಯದು, ಯಾವುದು ಕಾಯಬಲ್ಲುದು, ಯಾವುದು ಕಾಯಲಾರದು ಎಂಬುದನ್ನು ಮೊದಲೇ ಗೊತ್ತುಮಾಡುವುದು. ಆಳು ಕಡಿಮೆಯಾದ ದಿನ ಗಾಣವನ್ನು ನಿಧಾನಿಸಬೇಕು. ಹಾಲನ್ನು ಹಿಂಡಿಟ್ಟು ಒಲೆಯನ್ನು ನಿಲ್ಲಿಸಬಾರದು. ನಾಲ್ಕನೆಯದು, ಬರಲಾರದವನು ನಿರ್ಭಯವಾಗಿ ಮುಂಚಿತವಾಗಿ ಹೇಳಿಕಳಿಸುವಂತಿರುವುದು. ಬೈಗುಳಕ್ಕೆ ಅಂಜುವವನು ಕೊನೆಯ ಗಳಿಗೆಯವರೆಗೆ ಸುಮ್ಮನಿರುವನು. ಇಲ್ಲವೆ ಜ್ವರದಲ್ಲಿಯೇ ಬಂದು ಕುದಿಯುವ ಕೊಪ್ಪರಿಗೆಯ ಮುಂದೆ ನಿಲ್ಲುವನು. ಎರಡೂ ಅಪಾಯವೇ.

ಇಲ್ಲಿ ಒಂದು ಆಕ್ಷೇಪಣೆ ಬರಬಹುದು. ವಿದ್ಯೆ ಹಂಚಿದರೆ ತನ್ನ ಬೆಲೆ ಇಳಿಯುವುದೆಂದು ಬಲ್ಲವನು ಅಂಜುತ್ತಾನೆ. ಕಲಿತವನು ಹೆಚ್ಚು ಕೂಲಿ ಕೇಳುವನೆಂದು ಯಜಮಾನನು ಅಂಜುತ್ತಾನೆ. ಈ ಅಂಜಿಕೆ ಸುಳ್ಳಲ್ಲ. ಕೂಲಿಯ ಮೇಲೆಯೇ ಬದುಕುವವನಿಗೆ ಅವನ ಕಸುಬೇ ಆಸ್ತಿ. ಆದುದರಿಂದ ಕಲಿಸುವವನಿಗೆ ಕಲಿಸಿದುದಕ್ಕಾಗಿ ಬೇರೆ ಸಂಭಾವನೆಯೂ, ಕಲಿತವನಿಗೆ ತಕ್ಕ ಕೂಲಿಯೂ ಸಲ್ಲಬೇಕು. ಇದು ದುಂದುವೆಚ್ಚವಲ್ಲ. 2020ರಲ್ಲಿ ಕೊರೋನಾ ರೋಗದಿಂದ ದೇಶವೇ ಬಾಗಿಲು ಮುಚ್ಚಿದಾಗ, ಹೊರರಾಜ್ಯಗಳಲ್ಲಿ ದುಡಿಯುತ್ತಿದ್ದ ಲಕ್ಷಾಂತರ ಜನ ತಮ್ಮ ಊರುಗಳಿಗೆ ಮರಳಿದರು. ಈಗ ನಮ್ಮ ಅನೇಕ ಆಲೆಮನೆಗಳಲ್ಲಿಯೂ ಹೊರರಾಜ್ಯದವರೇ ದುಡಿಯುತ್ತಿರುವುದರಿಂದ, ಕಲಿಸದೆ ಉಳಿಸಿದ ಹಣವು ಅಂಥ ಒಂದು ವಾರದಲ್ಲಿಯೇ ಹೋದೀತು.

ವಿದ್ಯಾರ್ಥಿಮಿತ್ರರೇ, ನಮ್ಮಲ್ಲಿ ಅನೇಕರು ನಾಳೆ ಶಾಲೆಗೋ ಕಚೇರಿಗೋ ಹೋಗತಕ್ಕವರು. ಒಬ್ಬರೇ ಉಪಾಧ್ಯಾಯರಿರುವ ಶಾಲೆಯಲ್ಲಿ ಅವರು ಬಾರದ ದಿನ ಮಕ್ಕಳು ಮನೆಗೆ ಮರಳುವರು. ಕಡತ ಎಲ್ಲಿದೆಯೆಂದು ಒಬ್ಬ ಗುಮಾಸ್ತನೇ ಬಲ್ಲ ಕಚೇರಿಯಲ್ಲಿ ಅವನು ರಜೆ ಹಾಕಿದರೆ, ಬಸ್ಸಿನ ಖರ್ಚು ಮಾಡಿಕೊಂಡು ಬಂದ ಮುದುಕಿ ಬರಿಗೈಯಲ್ಲಿ ಹಿಂತಿರುಗುವಳು. ‘ನಾನಿಲ್ಲದೆ ಇಲ್ಲಿ ಏನೂ ನಡೆಯದು’ ಎಂಬುದನ್ನು ಹಿರಿಮೆಯೆಂದು ತಿಳಿಯುವವರು ಬಹಳ. ನಾನಿಲ್ಲದ ದಿನವೂ ನಡೆಯುವಂತೆ ಇನ್ನೊಬ್ಬರಿಗೆ ಕಲಿಸಿಡುವುದೇ ನಿಜವಾದ ಕರ್ತವ್ಯ.