ಬಾಟಲಿ ಕೆಳಗಿಡು, ಮೊದಲು ಮೀನು ನೋಡು

ಬೆಂಗಳೂರಿನ ಹೊಸಕೆರೆಹಳ್ಳಿಯ ಮೂರನೇ ಮಹಡಿಯ ಫ್ಲಾಟಿನಲ್ಲಿ ಕಡಲ ಮೀನು ಸಾಕಲು ಹೊರಟಿದ್ದೀಯ. ಸಂತೋಷ. ಆದರೆ ನಿನ್ನೆಯವರೆಗೆ ಚೆನ್ನಾಗಿದ್ದ ಮೀನು ಇವತ್ತು ಬೆಳಗ್ಗೆ ಮೂಲೆ ಹಿಡಿದು ಏದುಸಿರು ಬಿಡತೊಡಗಿದರೆ ಕೈ ನಡುಗುವುದು ಸಹಜ. ಆ ಗಾಬರಿಯಲ್ಲಿ ಎಲ್ಲರೂ ಕೇಳುವುದು ಒಂದೇ ಮಾತು: ‘ಅಂಕಲ್, ಯಾವ ಮದ್ದು ಹಾಕಲಿ?’ ನಾನು ಹೇಳುವುದೂ ಒಂದೇ ಮಾತು. ಮದ್ದಿನ ಹೆಸರು ಕೇಳುವ ಮೊದಲು ಯಾರಿಗೆ ಕಾಯಿಲೆ, ಯಾರಿಗೆ ಇಲ್ಲ, ಯಾರ ಆಮೇಲೆ ಯಾರಿಗೆ ಬಂತು ಎಂದು ನೋಡು. ಅರ್ಧ ಗಂಟೆಯಲ್ಲಿ ಆಗುವ ಕೆಲಸ ಇದು.

ಮದುವೆ ಮನೆಯಲ್ಲಿ ಒಂದೇ ರಾತ್ರಿ ಎಲ್ಲರಿಗೂ ವಾಂತಿಯಾದರೆ ಅಡುಗೆಯನ್ನು ಅನುಮಾನಿಸುತ್ತೇವೆ. ಒಬ್ಬರ ಆಮೇಲೆ ಒಬ್ಬರು ಜ್ವರ ಹಿಡಿದು ಮಲಗಿದರೆ ಅಂಟುರೋಗ ಎನ್ನುತ್ತೇವೆ. ಟ್ಯಾಂಕಿನಲ್ಲೂ ಹಾಗೆಯೇ. ಎಲ್ಲ ಮೀನೂ ಒಟ್ಟಿಗೆ ಕಂಗೆಟ್ಟಿದ್ದರೆ, ಅದರಲ್ಲೂ ಸೀಗಡಿ, ಬಸವನಹುಳು, ಏಡಿಗಳೂ ಸೊರಗಿದ್ದರೆ, ತಪ್ಪು ನೀರಿನಲ್ಲಿದೆ. ಸೀಗಡಿ ಆರಾಮಾಗಿ ಓಡಾಡುತ್ತಿದ್ದು, ಮೀನು ಮಾತ್ರ ಒಂದೊಂದಾಗಿ ಬೀಳುತ್ತಿದ್ದರೆ ಪರಾವಲಂಬಿ ಜೀವಿಯ ಕೆಲಸವಿರಬಹುದು. ನಿನ್ನೆ ತಂದ ಮೀನೊಂದೇ ಒದ್ದಾಡುತ್ತಿದ್ದರೆ ಪ್ರಯಾಣದ ಪೆಟ್ಟು, ಇಲ್ಲವೇ ಹಳೆಯ ಮೀನಿನ ಕಾಟ.

ಮೊದಲು ನೀರಿನ ಮಾತು. ಹೊಸ ಟ್ಯಾಂಕಿನಲ್ಲಿ ಮೊದಲ ಅನುಮಾನ ಅಮೋನಿಯಾದ ಮೇಲೆ. ಮೀನಿನ ಹೊಲಸು, ತಿನ್ನದೆ ಉಳಿದ ಆಹಾರ ಕೊಳೆತು ಅಮೋನಿಯಾ ಆಗುತ್ತದೆ. ಒಂದು ಬಗೆಯ ಬ್ಯಾಕ್ಟೀರಿಯಾ ಅದನ್ನು ನೈಟ್ರೈಟ್ ಮಾಡುತ್ತದೆ, ಇನ್ನೊಂದು ಬಗೆ ನೈಟ್ರೇಟ್ ಮಾಡುತ್ತದೆ. ಈ ಬ್ಯಾಕ್ಟೀರಿಯಾ ಕಲ್ಲಿನಲ್ಲಿ, ಮರಳಿನಲ್ಲಿ ನೆಲೆಯೂರಲು ಸಾಮಾನ್ಯವಾಗಿ ನಾಲ್ಕರಿಂದ ಆರು ವಾರ ಬೇಕು. ನೀರು ತಿಳಿಯಾಗಿ ಕಂಡ ಮಾತ್ರಕ್ಕೆ ಟ್ಯಾಂಕು ಸಿದ್ಧವಾಯಿತು ಎಂದುಕೊಳ್ಳಬೇಡ.

ಸಿಹಿನೀರಿನ ಮೀನು ಸಾಕಿದವರಿಗೆ ಇಲ್ಲೊಂದು ಹೊಸ ಪಾಠವಿದೆ. ಪಿಹೆಚ್ ಒಂದು ಅಂಕಿ ಏರಿದರೆ ಅಮೋನಿಯಾದ ವಿಷರೂಪದ ಪಾಲು ಹತ್ತಿರ ಹತ್ತು ಪಟ್ಟು ಏರುತ್ತದೆ. ಸಿಹಿನೀರಿನ ತೊಟ್ಟಿಯ ಪಿಹೆಚ್ 7ರ ಆಸುಪಾಸಿನಲ್ಲಿದ್ದರೆ ಕಡಲ ನೀರಿನದು 8.1ರಿಂದ 8.3. ಹಾಗಾಗಿ ಗೋಲ್ಡ್ ಫಿಷ್ ತಡೆದುಕೊಂಡ ಅಮೋನಿಯಾ ಕ್ಲೌನ್ ಮೀನನ್ನು ಕೊಂದೀತು. ನೈಟ್ರೈಟ್ ಕತೆ ತಿರುಗಾಮುರುಗಾ. ಉಪ್ಪುನೀರಿನ ಕ್ಲೋರೈಡು ಅದನ್ನು ಕಿವಿರಿನೊಳಗೆ ಅಷ್ಟು ಸುಲಭವಾಗಿ ಬಿಡುವುದಿಲ್ಲ, ಅದರ ಅಪಾಯ ಇಲ್ಲಿ ಕಡಿಮೆ. ಅಮೋನಿಯಾ ಸೊನ್ನೆ ಇರಲೇಬೇಕು. ಟೆಸ್ಟ್ ಕಿಟ್‌ನಲ್ಲಿ ಬಣ್ಣ ಬಂದರೆ ಅವತ್ತೇ ಮೂರನೇ ಒಂದು ಭಾಗ ನೀರು ಬದಲಿಸು, ಆಹಾರ ನಿಲ್ಲಿಸು, ಗಾಳಿ ಹೆಚ್ಚಿಸು. ಮರುದಿನ ಮತ್ತೆ ನೋಡು.

ಬದಲಿಸುವ ನೀರು ಯಾವುದು? ಕಾವೇರಿ ನೀರಿನಲ್ಲಿ ಕ್ಲೋರಿನ್ ಇರುತ್ತದೆ. ಬೋರ್‌ವೆಲ್ ಮತ್ತು ಟ್ಯಾಂಕರ್ ನೀರು ಗಡಸು, ಅದರಲ್ಲಿ ಏನೇನಿದೆ ಎಂದು ತಂದವನಿಗೂ ಗೊತ್ತಿರುವುದಿಲ್ಲ. ಆರ್‌ಒ ನೀರೇ ಸರಿ. ಆದರೆ ಅಡುಗೆಮನೆಯ ಆರ್‌ಒ ಯಂತ್ರಗಳಲ್ಲಿ ಎಷ್ಟೋ ಕುಡಿಯುವ ರುಚಿಗೆಂದು ಖನಿಜವನ್ನು ಮತ್ತೆ ಬೆರೆಸುತ್ತವೆ. ಟಿಡಿಎಸ್ ಮೀಟರ್ ಅದ್ದಿ ನೋಡು, ಅಂಕಿ ಸೊನ್ನೆಗೆ ಹತ್ತಿರವಿರಲಿ. ಅದಕ್ಕೆ ಕಡಲ ಮೀನಿಗೆಂದೇ ಮಾಡಿದ ಉಪ್ಪು ಬೆರೆಸಿ, ಒಂದು ದಿನ ಪಂಪಿನಿಂದ ತಿರುಗಿಸಿ, ಆಮೇಲೆ ಬಳಸು. ಅಡುಗೆ ಉಪ್ಪು, ಕಲ್ಲುಪ್ಪು ಇದಕ್ಕೆ ಆಗದು. ಆಪತ್ತಿಗೆಂದು ಇಪ್ಪತ್ತು ಲೀಟರ್ ಕ್ಯಾನಿನಲ್ಲಿ ಬೆರೆಸಿದ ನೀರು ಯಾವಾಗಲೂ ಸಿದ್ಧವಿರಲಿ.

ಉಪ್ಪಿನಂಶ ಸಾವಿರಕ್ಕೆ 35, ಅಂದರೆ ಸಾಂದ್ರತೆಯ ಲೆಕ್ಕದಲ್ಲಿ 1.025–1.026. ಆವಿಯಾಗುವುದು ನೀರು ಮಾತ್ರ, ಉಪ್ಪು ಅಲ್ಲೇ ಉಳಿಯುತ್ತದೆ. ಆದ್ದರಿಂದ ಮಟ್ಟ ಇಳಿದಾಗ ಹಾಕಬೇಕಾದ್ದು ಬರೀ ಆರ್‌ಒ ನೀರು. ಬೆಂಗಳೂರಿನ ಮಾರ್ಚ್–ಏಪ್ರಿಲ್‌ನ ಒಣಹವೆಯಲ್ಲಿ ನಾಲ್ಕು ದಿನ ಊರಿಗೆ ಹೋಗಿ ಬಂದರೆ ಉಪ್ಪು ಎಲ್ಲಿಗೋ ಏರಿರುತ್ತದೆ. ಮುಳ್ಳು ತೂಗುವ ಪ್ಲಾಸ್ಟಿಕ್ ಹೈಡ್ರೋಮೀಟರನ್ನು ನೆಚ್ಚಬೇಡ. ರಿಫ್ರಾಕ್ಟೋಮೀಟರ್ ಕೊಂಡು ಅದನ್ನು 35ರ ಮಾದರಿ ದ್ರಾವಣದಿಂದ ಸರಿಹೊಂದಿಸು.

ಬೆಳಗಿನ ಜಾವ ಮೀನುಗಳೆಲ್ಲ ಮೇಲೆ ಬಂದು ಬಾಯಿ ತೆರೆಯುತ್ತಿದ್ದರೆ ಆಮ್ಲಜನಕ ನೆನಪಿಸಿಕೋ. 25 ಡಿಗ್ರಿಯಲ್ಲಿ ಸಿಹಿನೀರು ಲೀಟರಿಗೆ 8 ಮಿಲಿಗ್ರಾಂಗಿಂತ ತುಸು ಹೆಚ್ಚು ಆಮ್ಲಜನಕ ಹಿಡಿದರೆ ಕಡಲ ನೀರು ಹಿಡಿಯುವುದು 7ಕ್ಕಿಂತ ಕಡಿಮೆ. ಅದೂ ಸಮುದ್ರಮಟ್ಟದಲ್ಲಿ. ನಾವಿರುವುದು ಸುಮಾರು 900 ಮೀಟರ್ ಎತ್ತರದಲ್ಲಿ, ಇಲ್ಲಿ ಇನ್ನೂ ಹತ್ತನೇ ಒಂದು ಪಾಲು ಖೋತಾ. ನೀರು ಕಾದಷ್ಟೂ ಇದು ಮತ್ತೂ ಇಳಿಯುತ್ತದೆ. 2016ರ ಮಾರ್ಚ್‌ನಲ್ಲಿ ಹಲಸೂರು ಕೆರೆಯಲ್ಲಿ ಸಾವಿರಾರು ಮೀನು ಸತ್ತು ತೇಲಿದಾಗಲೂ ಬೆರಳು ಹೋದದ್ದು ಹೊಲಸು ಸೇರಿ ಆಮ್ಲಜನಕ ಕುಸಿದ ನೀರಿನ ಕಡೆಗೇ. ಅಷ್ಟು ದೊಡ್ಡ ಕೆರೆಗೆ ಆದದ್ದು ನಿನ್ನ ಇನ್ನೂರು ಲೀಟರಿಗೆ ಒಂದು ರಾತ್ರಿಯಲ್ಲಿ ಆಗಬಹುದು. ಏಪ್ರಿಲ್–ಮೇ ತಿಂಗಳ ಗುಡುಗುಮಳೆಗೆ ಕರೆಂಟು ಹೋಗುತ್ತದೆ. ಟಿವಿ, ಫ್ಯಾನಿಗೆ ಕೊಟ್ಟ ಯುಪಿಎಸ್ ಸಂಪರ್ಕವನ್ನು ಟ್ಯಾಂಕಿನ ಪಂಪಿಗೂ ಕೊಡಿಸು. ಬ್ಯಾಟರಿಯ ಏರ್ ಪಂಪ್ ಒಂದು ಮನೆಯಲ್ಲಿರಲಿ. ನೀರಿನ ಉಷ್ಣಾಂಶ 24–27 ಡಿಗ್ರಿಯೊಳಗಿರಲಿ, ಅದನ್ನು ದಾಟಿದರೆ ಮುಚ್ಚಳ ತೆಗೆದು ನೀರಿನ ಮೇಲೆ ಫ್ಯಾನ್ ಬೀಸಲಿ.

ನೀರಿನ ಅಂಕಿಗಳೆಲ್ಲ ಸರಿಯಿದ್ದೂ ಸೀಗಡಿ ಮಗುಚಿ ಬಿದ್ದಿದ್ದರೆ ಮನೆಯ ವಿಷ ಹುಡುಕು. ಗೋಡೆಗೆ ಚುಚ್ಚುವ ಸೊಳ್ಳೆ ದ್ರವ, ಕಾಯಿಲ್, ಜಿರಲೆ ಸ್ಪ್ರೇ, ಇವುಗಳಲ್ಲಿ ಸಾಮಾನ್ಯವಾಗಿ ಇರುವುದು ಪೈರೆಥ್ರಾಯ್ಡ್ ಜಾತಿಯ ವಿಷ. ಮನುಷ್ಯನಿಗೆ ಅಷ್ಟಾಗಿ ತಟ್ಟದ ಪ್ರಮಾಣವೂ ಮೀನಿಗೆ, ಸೀಗಡಿಗೆ ಮಾರಕ. ಕೋಣೆಯ ಗಾಳಿಯನ್ನು ಎಳೆದು ನೀರಿಗೆ ತಳ್ಳುವುದೇ ಏರ್ ಪಂಪಿನ ಕೆಲಸವಲ್ಲವೇ? ಬೀದಿಯಲ್ಲಿ ಸೊಳ್ಳೆ ಹೊಗೆ ಬಿಡುವವರು ಬಂದಾಗ ಕಿಟಕಿ ಮುಚ್ಚು. ಗೋಡೆಗೆ ಪೇಂಟ್ ಹೊಡೆಸುವುದಿದ್ದರೆ ಪಂಪಿನ ಗಾಳಿಕೊಳವೆ ಬಾಲ್ಕನಿಗೆ ಹೋಗಲಿ. ಸ್ಯಾನಿಟೈಸರ್ ಹಚ್ಚಿದ ಕೈ ಟ್ಯಾಂಕಿಗಿಳಿಯದಿರಲಿ. ವಿಷದ ಅನುಮಾನ ಬಂದರೆ ಸಾಧ್ಯವಾದಷ್ಟು ನೀರು ಬದಲಿಸಿ, ಫಿಲ್ಟರಿನಲ್ಲಿ ಆಕ್ಟಿವೇಟೆಡ್ ಕಾರ್ಬನ್ ಇಡು.

ಇನ್ನು ರೋಗದ ಮಾತು. ಮೈಮೇಲೆ ಉಪ್ಪಿನ ಕಾಳು ಉದುರಿಸಿದಂಥ ಬಿಳಿ ಚುಕ್ಕೆ, ಎಣಿಸಲು ಬರುವಷ್ಟಿವೆ, ಮೀನು ಇನ್ನೂ ತಿನ್ನುತ್ತಿದೆ ಎಂದರೆ ಅದು ಕ್ರಿಪ್ಟೋಕ್ಯಾರಿಯಾನ್, ಅಂಗಡಿ ಭಾಷೆಯಲ್ಲಿ ವೈಟ್ ಸ್ಪಾಟ್. ಚುಕ್ಕೆ ಮೂರ್ನಾಲ್ಕು ದಿನದಲ್ಲಿ ತಾನಾಗಿ ಮಾಯವಾಗುತ್ತದೆ. ವಾಸಿಯಾಯಿತೆಂದು ಕುಣಿಯಬೇಡ. ಜೀವಿ ಮೀನಿನ ಮೈಬಿಟ್ಟು ಮರಳಿಗೆ ಇಳಿದು, ಕೋಶ ಕಟ್ಟಿ, ನೂರಾರು ಮರಿಗಳಾಗಿ ಮತ್ತೆ ಏರುತ್ತದೆ.

ಚುಕ್ಕೆ ಎಣಿಸಲಾಗದಷ್ಟು ಸಣ್ಣ, ಟಾರ್ಚನ್ನು ಪಕ್ಕದಿಂದ ಹಿಡಿದರೆ ಹೊಂಬಣ್ಣದ ಹುಡಿಯಂತೆ ಮಿಂಚುತ್ತದೆ, ಮೀನು ಬೆಳಕಿಗೆ ಅಂಜುತ್ತದೆ, ಪಂಪಿನ ಸೆಳವಿಗೆ ಮುಖ ಕೊಟ್ಟು ನಿಂತಿದೆ, ಕಿವಿರು ಪಟಪಟನೆ ಬಡಿಯುತ್ತಿದೆ ಎಂದರೆ ವೆಲ್ವೆಟ್, ಅಂದರೆ ಅಮೈಲೂಡಿನಿಯಮ್. ಇದು ಮೊದಲು ಹಿಡಿಯುವುದೇ ಕಿವಿರನ್ನು. ಮೈಮೇಲೆ ಕಾಣುವ ಹೊತ್ತಿಗೆ ಒಂದೆರಡು ದಿನವೂ ಉಳಿದಿರದು. ಅವಸರ ಮಾಡಬೇಕಾದ ಕಾಯಿಲೆ ಇದೇ.

ಕ್ಲೌನ್ ಮೀನಿನ ಮೈಯಿಂದ ಬಿಳಿ ಲೋಳೆ ಪೊರೆಪೊರೆಯಾಗಿ ಸುಲಿಯುತ್ತಿದ್ದರೆ ಬ್ರೂಕ್ಲಿನೆಲ್ಲಾ. ಹಸಿರು ಕ್ರೋಮಿಸ್ ಮೀನಿನ ಪಕ್ಕೆಯಲ್ಲಿ ರಕ್ತ ಹೆಪ್ಪುಗಟ್ಟಿದಂಥ ಕೆಂಪು ಹುಣ್ಣು ಕಂಡರೆ ಯೂರೋನೀಮಾ. ಇದರಿಂದ ಉಳಿಯುವ ಮೀನು ವಿರಳ. ಕಣ್ಣು ಮಬ್ಬಾಗಿ, ಮೈಯನ್ನು ಕಲ್ಲಿಗೆ ಉಜ್ಜುತ್ತಾ ತಲೆ ಕೊಡವುತ್ತಿದ್ದರೆ ಫ್ಲೂಕ್ ಎಂಬ ಚಪ್ಪಟೆ ಹುಳು.

ಯಾವುದೆಂದು ತಿಳಿಯದಿದ್ದರೆ ಸಿಹಿನೀರಿನ ಸ್ನಾನ ಮಾಡಿಸಿ ನೋಡು. ಕಪ್ಪು ಟಬ್ಬಿನಲ್ಲಿ ಆರ್‌ಒ ನೀರು ಹಾಕಿ, ಟ್ಯಾಂಕಿನಷ್ಟೇ ಉಷ್ಣಾಂಶಕ್ಕೆ ತಂದು, ಅಡುಗೆ ಸೋಡಾ ಬೆರೆಸಿ ಪಿಹೆಚ್ ಸರಿಮಾಡಿ, ಗಾಳಿ ಬಿಟ್ಟು, ಐದು ನಿಮಿಷ ಮೀನನ್ನು ಅದರಲ್ಲಿಡು. ಕಣ್ಣು ತೆಗೆಯದೆ ಪಕ್ಕದಲ್ಲೇ ಕೂತಿರು, ಮೀನು ಮಗುಚಿಕೊಂಡರೆ ತಕ್ಷಣ ತೆಗೆ. ಫ್ಲೂಕ್ ಇದ್ದರೆ ಬಿಳಿ ಚಕ್ಕೆಗಳಾಗಿ ಕೆಳಗೆ ಬೀಳುತ್ತದೆ, ಕಪ್ಪು ಟಬ್ಬಿನಲ್ಲಿ ಚೆನ್ನಾಗಿ ಕಾಣುತ್ತದೆ. ವೆಲ್ವೆಟ್ ಇದ್ದರೂ ಉಸಿರಾಟಕ್ಕೆ ಸ್ವಲ್ಪ ಹೊತ್ತು ಆರಾಮ ಸಿಗುತ್ತದೆ. ಇನ್ನೂ ಖಚಿತ ಬೇಕೆಂದರೆ ಕಿವಿರಿನ ಲೋಳೆಯನ್ನು ಸೂಕ್ಷ್ಮದರ್ಶಕದಲ್ಲಿ ನೋಡಬೇಕು. ಹೆಬ್ಬಾಳದ ಪಶುವೈದ್ಯಕೀಯ ಕಾಲೇಜು, ಮಂಗಳೂರಿನ ಮೀನುಗಾರಿಕಾ ಕಾಲೇಜು ಇಂಥದನ್ನು ಬಲ್ಲವರಿರುವ ಜಾಗಗಳು. ಕೇಳಲು ಸಂಕೋಚ ಬೇಡ.

ಈಗ ಮದ್ದು. ಒಂದು ಮಾತು ಗಟ್ಟಿಯಾಗಿ ಹಿಡಿದುಕೋ: ಹಾಲ್‌ನಲ್ಲಿರುವ ದೊಡ್ಡ ಟ್ಯಾಂಕಿಗೆ ಯಾವ ಮದ್ದನ್ನೂ ಸುರಿಯಬೇಡ. ತಾಮ್ರ ಹಾಕಿದರೆ ಕಲ್ಲು, ಮರಳು ಅದನ್ನು ಹೀರಿಕೊಳ್ಳುತ್ತವೆ, ಮಟ್ಟ ನಿಲ್ಲುವುದಿಲ್ಲ. ಸೀಗಡಿ, ಬಸವನಹುಳು ಮಾತ್ರ ಸಾಯುತ್ತವೆ. ಮೆಥಿಲೀನ್ ಬ್ಲೂ ಎಂಬ ನೀಲಿ ಮದ್ದು ಹಾಕಿದರೆ ವಾರಗಟ್ಟಲೆ ಕಾದು ಬೆಳೆಸಿದ ಬ್ಯಾಕ್ಟೀರಿಯಾ ಹೋಗಿ, ಅಮೋನಿಯಾ ಮತ್ತೆ ಏರುತ್ತದೆ. ರೋಗಿಗೆ ಬೇರೆ ಮನೆ ಬೇಕು. ನಲವತ್ತು–ಐವತ್ತು ಲೀಟರಿನ ಪ್ಲಾಸ್ಟಿಕ್ ಟಬ್ಬು, ಸ್ಪಂಜ್ ಫಿಲ್ಟರ್, ಹೀಟರ್, ಅಡಗಿ ಕೂರಲು ಪಿವಿಸಿ ಪೈಪಿನ ತುಂಡು, ಮೇಲೆ ಬಲೆಯ ಮುಚ್ಚಳ, ಇಷ್ಟೇ. ಮರಳು ಬೇಡ, ಕಲ್ಲು ಬೇಡ. ಅಮೋನಿಯಾ ದಿನಾ ಅಳೆ.

ವೈಟ್ ಸ್ಪಾಟ್, ವೆಲ್ವೆಟ್ ಎರಡಕ್ಕೂ ತಾಮ್ರ ಕೆಲಸ ಮಾಡುತ್ತದೆ. ತಾಮ್ರದ ಸಲ್ಫೇಟ್ ಆದರೆ ನೀರಿನಲ್ಲಿ ತಾಮ್ರದ ಅಂಶ ಲೀಟರಿಗೆ 0.15ರಿಂದ 0.20 ಮಿಲಿಗ್ರಾಂ, ಮೂರ್ನಾಲ್ಕು ವಾರ, ಒಂದು ದಿನವೂ ಮಟ್ಟ ಇಳಿಯದಂತೆ. ಕೀಲೇಟ್ ಮಾಡಿದ ತಾಮ್ರದ ಅಳತೆ ಬೇರೆ, ಅದರ ಲೇಬಲ್ಲಿನಂತೆ ನಡೆ. ತಾಮ್ರದ ಟೆಸ್ಟ್ ಕಿಟ್ ಇಲ್ಲದೆ ಈ ಕೆಲಸಕ್ಕೆ ಕೈಹಾಕಬೇಡ. ಕಡಿಮೆಯಾದರೆ ರೋಗ ಉಳಿಯುತ್ತದೆ, ಹೆಚ್ಚಾದರೆ ಮೀನು ಹೋಗುತ್ತದೆ. ಅಮೋನಿಯಾ ಕಟ್ಟುವ ದ್ರವವನ್ನು ತಾಮ್ರದ ಜೊತೆ ಬೆರೆಸಲೂಬೇಡ. ವೈಟ್ ಸ್ಪಾಟ್ ಎಂದು ಖಾತ್ರಿಯಿದ್ದರೆ ತಾಮ್ರದ ಬದಲು ಟಬ್ಬಿನ ಉಪ್ಪನ್ನು ಒಂದೆರಡು ದಿನದಲ್ಲಿ 1.009ಕ್ಕೆ ಇಳಿಸಿ ನಾಲ್ಕು ವಾರ ಇಡಬಹುದು. ವೆಲ್ವೆಟ್ ಇದಕ್ಕೆ ಜಗ್ಗುವುದಿಲ್ಲ. ಬ್ರೂಕ್ಲಿನೆಲ್ಲಾಗೆ ತಾಮ್ರ ನಾಟುವುದಿಲ್ಲ, ಅದಕ್ಕೆ ಫಾರ್ಮಲಿನ್ ಸ್ನಾನವೇ ಬೇಕು. ಫಾರ್ಮಲಿನ್ ಮನುಷ್ಯನಿಗೆ ಕ್ಯಾನ್ಸರ್ ತರಬಲ್ಲ ವಸ್ತು. ಕೈಗವಸು, ತೆರೆದ ಕಿಟಕಿ, ಅಳತೆ ಬಲ್ಲವರೊಬ್ಬರು ಪಕ್ಕದಲ್ಲಿಲ್ಲದೆ ಮುಟ್ಟಬೇಡ. ಫ್ಲೂಕಿಗೆ ಪ್ರಾಜಿಕ್ವಾಂಟೆಲ್, ವಾರದ ಅಂತರದಲ್ಲಿ ಎರಡು ಸಲ. ತಾಮ್ರದ ನೀರನ್ನು ಹೊಸಕೆರೆಹಳ್ಳಿ ಕೆರೆಗೆ ಹರಿಯುವ ಮಳೆನೀರಿನ ಮೋರಿಗೆ ಚೆಲ್ಲಬೇಡ, ಬಾಲ್ಕನಿಯ ಗಿಡಕ್ಕೂ ಹಾಕಬೇಡ.

ಮೀನು ಟಬ್ಬಿನಲ್ಲಿ ವಾಸಿಯಾಯಿತು, ದೊಡ್ಡ ಟ್ಯಾಂಕಿನ ಗತಿ? ವೈಟ್ ಸ್ಪಾಟಿನ ಕೋಶ 72 ದಿನದವರೆಗೂ ಮರಿ ಬಿಟ್ಟ ದಾಖಲೆಯಿದೆ. ಅದಕ್ಕೇ ಬಲ್ಲವರು 76 ದಿನ ಟ್ಯಾಂಕಿನಲ್ಲಿ ಒಂದೂ ಮೀನಿಲ್ಲದಂತೆ ಬಿಡುತ್ತಾರೆ. ಸೀಗಡಿ, ಬಸವನಹುಳು ಅಲ್ಲೇ ಇರಲಿ, ಅವುಗಳಿಗೆ ಈ ರೋಗವಿಲ್ಲ. ಮೀನು ಸಿಗದೆ ಮರಿಗಳು ಹಸಿದು ಸಾಯುತ್ತವೆ. ಖಾಲಿ ಟ್ಯಾಂಕು ನೋಡಿ ಮನೆಗೆ ಬಂದವರು ನಗಬಹುದು, ನಗಲಿ ಬಿಡು.

ಮುಂದೆ ಮೀನು ತರುವಾಗ ಅಂಗಡಿಯ ನೀರಿನ ಉಪ್ಪು ಎಷ್ಟೆಂದು ಕೇಳು, ಸಾಧ್ಯವಾದರೆ ನೀನೇ ಅಳೆ. ಉಪ್ಪಿನ ಖರ್ಚು ಉಳಿಸಲು, ರೋಗ ಅದುಮಿಡಲು 1.018ರಂಥ ತೆಳು ನೀರಿನಲ್ಲಿ ಇಡುವವರಿದ್ದಾರೆ. ಉಪ್ಪು ಇಳಿದರೆ ಮೀನು ಸಹಿಸುತ್ತದೆ, ಒಮ್ಮೆಗೇ ಏರಿದರೆ ಸಹಿಸದು. ಟಬ್ಬಿನ ನೀರನ್ನು ಮೊದಲೇ ಅಂಗಡಿಯ ಅಳತೆಗೆ ತಂದಿಟ್ಟು, ಆಮೇಲೆ ದಿನದಿನಕ್ಕೆ ಏರಿಸು. ದೂರದಿಂದ ಬಂದ ಚೀಲ ತೆರೆದು ಗಂಟೆಗಟ್ಟಲೆ ಹನಿಹನಿ ನೀರು ಬಿಡುತ್ತಾ ಕೂರಬೇಡ. ಚೀಲದೊಳಗೆ ಇಂಗಾಲದ ಡೈಆಕ್ಸೈಡ್ ಸೇರಿ ಪಿಹೆಚ್ ಇಳಿದಿರುತ್ತದೆ, ಅಮೋನಿಯಾ ಅಡಗಿರುತ್ತದೆ. ತೆರೆದೊಡನೆ ಪಿಹೆಚ್ ಏರಿ ಆ ಅಮೋನಿಯಾ ವಿಷವಾಗುತ್ತದೆ.

ಕ್ಲೌನ್ ಮೀನನ್ನು ಮೊಟ್ಟೆಯಿಂದ ಬೆಳೆಸುವ ವಿದ್ಯೆಯನ್ನು ನಮ್ಮ ಕೇಂದ್ರೀಯ ಸಾಗರ ಮೀನುಗಾರಿಕಾ ಸಂಶೋಧನಾ ಸಂಸ್ಥೆಯವರೇ ಸಾಧಿಸಿದ್ದಾರೆ. ಹ್ಯಾಚರಿಯ ಮೀನು ಸಿಕ್ಕರೆ ಅದನ್ನೇ ತಗೋ, ಅದು ತೊಟ್ಟಿಗೆ ಒಗ್ಗಿದ ಜೀವ. ಗಟ್ಟಿ ಹವಳ, ಕಡಲ ಕುದುರೆ ಯಾರಾದರೂ ಗುಟ್ಟಾಗಿ ಕೊಡುತ್ತೇನೆಂದರೆ ಬೇಡವೆನ್ನು. ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆಯಲ್ಲಿ ಇರುವಂಥವು ಅವು.

ಹೊಸ ಮೀನು ಯಾವುದೇ ಇರಲಿ, ಮೊದಲ ನಾಲ್ಕೈದು ವಾರ ಆ ಟಬ್ಬಿನಲ್ಲೇ ಇರಬೇಕು. ಚೆನ್ನಾಗಿ ತಿನ್ನುತ್ತಿದೆಯೇ, ಉಸಿರು ಸರಿಯಿದೆಯೇ ಎಂದು ದಿನಾ ನೋಡಿ ಒಂದು ಪುಸ್ತಕದಲ್ಲಿ ಬರೆದಿಡು: ತಾರೀಖು, ಉಪ್ಪು, ಉಷ್ಣಾಂಶ, ಅಮೋನಿಯಾ, ಯಾರು ತಿಂದರು, ಯಾರು ಬಿಟ್ಟರು. ಮುಂದೊಮ್ಮೆ ಕಾಯಿಲೆ ಬಿದ್ದರೆ ವೈದ್ಯರು ಮೊದಲು ಕೇಳುವುದು ಇದನ್ನೇ. ಈ ತಿಂಗಳು ಮೀನಿಗೆಂದು ತೆಗೆದಿಟ್ಟ ದುಡ್ಡಿನಲ್ಲಿ ಟಬ್ಬು, ತಾಮ್ರದ ಕಿಟ್ಟು, ಬ್ಯಾಟರಿ ಪಂಪು ಕೊಂಡುಬಿಡು. ಮೀನು ಮುಂದಿನ ತಿಂಗಳು ಬಂದರೆ ಸಾಕು.