ಶಾಲೆ ಕಲಿಸುವುದು, ಶಾಲೆ ಬರೆದಿಡುವುದು



ಶಿಕ್ಷಣದಿಂದ ಸಾಮಾಜಿಕ ಚಲನೆ ಹೇಗೆ ಸಾಧ್ಯ ಎಂಬ ಪ್ರಶ್ನೆಗೆ ನಮ್ಮ ಸಮಾಜಶಾಸ್ತ್ರ ತರಗತಿಯಲ್ಲಿ ಬರುವ ಉತ್ತರ ಹೆಚ್ಚು ಕಡಿಮೆ ಒಂದೇ. ಶಿಕ್ಷಣದಿಂದ ಜ್ಞಾನ, ಜ್ಞಾನದಿಂದ ಉದ್ಯೋಗ, ಉದ್ಯೋಗದಿಂದ ಸ್ಥಾನಮಾನ. ನಾನು ಪೂರ್ತಿ ಅಂಕ ಕೊಡುತ್ತೇನೆ. ಕಾಲೇಜಿನ ಸಮಾರಂಭಗಳಲ್ಲಿ ಅತಿಥಿಗಳೂ ‘ಇಕ್ರಾ’, ಅಂದರೆ ‘ಓದು’ ಎಂಬ ಪದದಿಂದ ಮಾತು ಶುರು ಮಾಡಿ ಅಲ್ಲಿಗೇ ಬರುತ್ತಾರೆ. ಉತ್ತರ ತಪ್ಪಲ್ಲ, ಆದರೆ ಅರ್ಧ. ಶಾಲೆ ಎರಡು ಕೆಲಸ ಮಾಡುತ್ತದೆ. ಒಂದು, ಕಲಿಸುವುದು. ಇನ್ನೊಂದು, ನಮ್ಮ ಬಗ್ಗೆ ಬರೆದಿಡುವುದು. ಎರಡನೆಯದು ಪಠ್ಯಪುಸ್ತಕದಲ್ಲಿಲ್ಲ. ಹಲವಾಗಲಿನಂಥ ಊರಿನಿಂದ ಬಂದವರಿಗೆ ಅದರ ಭಾರ ಮೊದಲನೆಯದಕ್ಕಿಂತ ಕಡಿಮೆ ಏನಲ್ಲ. ನಾನೂ ಆ ಊರಿನವನೇ, ಆದ್ದರಿಂದ ಉದಾಹರಣೆಗಳನ್ನು ಅಲ್ಲಿಂದಲೇ ತೆಗೆದುಕೊಳ್ಳುತ್ತೇನೆ.

ದಾಖಲಾತಿ ರಿಜಿಸ್ಟರ್

ಮಗುವನ್ನು ಒಂದನೇ ತರಗತಿಗೆ ಸೇರಿಸಿದ ದಿನ ಹೆಡ್‌ಮಾಸ್ತರರು ದಾಖಲಾತಿ ರಿಜಿಸ್ಟರಿನಲ್ಲಿ ಒಂದು ಸಾಲು ಬರೆಯುತ್ತಾರೆ. ಹೆಸರು, ತಂದೆಯ ಹೆಸರು, ಹುಟ್ಟಿದ ದಿನ, ಧರ್ಮ, ಜಾತಿ, ಮನೆಮಾತು. ಬರೆಸಲು ಹೋದ ಅಪ್ಪನೋ ಅಜ್ಜನೋ ಕೇಳಿದ್ದಕ್ಕೆ ಉತ್ತರ ಹೇಳಿ ಕೂಲಿಗೆ ಹೊತ್ತಾಯಿತೆಂದು ಹೊರಟುಬಿಡುತ್ತಾರೆ. ಹಿಂದೆ ಹುಟ್ಟಿದ ದಿನ ಗೊತ್ತಿಲ್ಲದವರಿಗೆಲ್ಲ ಜೂನ್ 1 ಎಂದು ಬರೆಯುವ ರೂಢಿಯಿತ್ತು. ನಿಮ್ಮ ಮನೆಯ ಹಿರಿಯರ ಆಧಾರ್ ಕಾರ್ಡ್ ತೆಗೆದು ನೋಡಿ, ಅರ್ಧ ಓಣಿಯೇ ಒಂದೇ ದಿನ ಹುಟ್ಟಿದಂತೆ ಕಾಣುತ್ತದೆ. ಇದು ನಗುವ ವಿಷಯ. ಜಾತಿಯ ಕಾಲಂ ಮಾತ್ರ ನಗುವ ವಿಷಯವಲ್ಲ.

ನಮ್ಮ ಕಡೆ ನದಾಫ ಅಥವಾ ಪಿಂಜಾರ ಮನೆತನಗಳು ಸಾಕಷ್ಟಿವೆ. ಅರಳೆ ಹಿಂಜಿ ಗಾದಿ ಮಾಡುವುದು ಅವರ ಹಳೆಯ ಕಸುಬು. ಕರ್ನಾಟಕದ ಹಿಂದುಳಿದ ವರ್ಗಗಳ ಪಟ್ಟಿಯಲ್ಲಿ ಈ ಸಮುದಾಯ ಪ್ರವರ್ಗ 1ರಲ್ಲಿದೆ. ಉಳಿದ ಮುಸ್ಲಿಮರಲ್ಲಿ ಹೆಚ್ಚಿನವರು 2ಬಿಯಲ್ಲಿ. ಎರಡಕ್ಕೂ ಮೀಸಲಾತಿ ಶೇ. 4, ಆದರೆ ಪ್ರವರ್ಗ 1ಕ್ಕೆ ಕೆನೆಪದರದ ಆದಾಯ ಮಿತಿ ಅನ್ವಯಿಸುವುದಿಲ್ಲ. ರಿಜಿಸ್ಟರಿನಲ್ಲಿ ಜಾತಿಯ ಜಾಗದಲ್ಲಿ ಬರೀ ‘ಮುಸ್ಲಿಂ’ ಎಂದೋ ‘ಇಸ್ಲಾಂ’ ಎಂದೋ ಬರೆದಿದ್ದರೆ, ಹನ್ನೆರಡು ವರ್ಷದ ನಂತರ ತಹಶೀಲ್ದಾರರ ಕಚೇರಿಯಲ್ಲಿ ‘ನಾವು ಪಿಂಜಾರರು’ ಎನ್ನುವುದಕ್ಕೆ ಪುರಾವೆ ಒದಗಿಸಬೇಕಾಗುತ್ತದೆ. ಹಿಂದಿನ ಒಂದು ಬ್ಯಾಚಿನ ಹುಡುಗಿಯೊಬ್ಬಳು ಇದಕ್ಕಾಗಿ ತನ್ನ ಅಪ್ಪನ, ಆಮೇಲೆ ಅಜ್ಜನ ಶಾಲೆಯ ದಾಖಲೆ ಹುಡುಕಿಕೊಂಡು ಓಡಾಡಿದಳು. ಅಜ್ಜ ಮೂರನೇ ಇಯತ್ತೆಗೇ ಶಾಲೆ ಬಿಟ್ಟವರು. ಆ ಮೂರು ವರ್ಷದ ಓದು ಅವರಿಗೆ ಏನು ಕೊಟ್ಟಿತೋ ಗೊತ್ತಿಲ್ಲ, ಹಳೆಯ ರಿಜಿಸ್ಟರಿನಲ್ಲಿದ್ದ ‘ಪಿಂಜಾರ’ ಎಂಬ ಒಂದು ಪದ ಮೊಮ್ಮಗಳ ಕೈಹಿಡಿಯಿತು.

2ಬಿ ಬಗ್ಗೆ ಒಂದು ಮಾತು, ಏಕೆಂದರೆ ನೀವು ಪದೇ ಪದೇ ಕೇಳುತ್ತೀರಿ. 2023ರ ಮಾರ್ಚ್‌ನಲ್ಲಿ ಆಗಿನ ರಾಜ್ಯ ಸರ್ಕಾರ ಈ ಶೇ. 4ನ್ನು ತೆಗೆದು ಬೇರೆ ಗುಂಪುಗಳಿಗೆ ಹಂಚಲು ಆದೇಶ ಹೊರಡಿಸಿತು. ವಿಷಯ ಸುಪ್ರೀಂ ಕೋರ್ಟಿಗೆ ಹೋಯಿತು. ಸದ್ಯಕ್ಕೆ ಜಾರಿ ಮಾಡುವುದಿಲ್ಲ ಎಂದು ಸರ್ಕಾರವೇ ಅಲ್ಲಿ ಹೇಳಿದ್ದರಿಂದ ಹಳೆಯ ವ್ಯವಸ್ಥೆ ಮುಂದುವರಿಯಿತು. ಇಂಥ ಏರುಪೇರು ನಮ್ಮ ತಾಲ್ಲೂಕಿಗೆ ಹೊಸದಲ್ಲ. 1953ಕ್ಕೆ ಮೊದಲು ಹರಪನಹಳ್ಳಿ ಬಳ್ಳಾರಿಯ ಜೊತೆ ಮದ್ರಾಸಿಗೆ ಸೇರಿತ್ತು. ಅಲ್ಲಿ ಜಸ್ಟಿಸ್ ಪಕ್ಷದ ಸರ್ಕಾರ 1921ರಲ್ಲಿ ತಂದ ಕಮ್ಯುನಲ್ ಜಿ.ಓ. ವ್ಯವಸ್ಥೆಯಲ್ಲಿ ಮುಸ್ಲಿಮರಿಗೂ ಪಾಲಿತ್ತು. ಕಾಲೇಜು ಸೀಟುಗಳನ್ನು ಹಾಗೆ ಹಂಚುವುದನ್ನು 1951ರ ಚಂಪಕಂ ದೊರೈರಾಜನ್ ಪ್ರಕರಣದಲ್ಲಿ ನ್ಯಾಯಾಲಯ ರದ್ದು ಮಾಡಿತು. ಅದರ ಬೆನ್ನಿಗೇ ಸಂವಿಧಾನದ ಮೊದಲ ತಿದ್ದುಪಡಿ ಬಂತು. ರಾಜ್ಯಶಾಸ್ತ್ರದವರು ಇದನ್ನು ಬರೀ ಕೇಸಿನ ಹೆಸರಾಗಿ ಬಾಯಿಪಾಠ ಮಾಡುತ್ತೀರಿ. ಅದು ನಮ್ಮದೇ ಪ್ರಾಂತ್ಯದ ಕಥೆ ಎಂಬುದು ನೆನಪಿರಲಿ.

ಹತ್ತು ವರ್ಷ ಎಲ್ಲಿ, ಯಾವ ಭಾಷೆಯಲ್ಲಿ

ಸಿಇಟಿ ಅರ್ಜಿಯಲ್ಲಿ ಎರಡು ಪ್ರಶ್ನೆಗಳಿವೆ. 1ರಿಂದ 10ನೇ ತರಗತಿವರೆಗೆ ಗ್ರಾಮೀಣ ಪ್ರದೇಶದಲ್ಲಿ ಓದಿದ್ದೀರಾ? 1ರಿಂದ 10ರವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದ್ದೀರಾ? ಮೊದಲನೆಯದಕ್ಕೆ ಶೇ. 15, ಎರಡನೆಯದಕ್ಕೆ ಶೇ. 5 ಸೀಟು, ಪ್ರತಿ ಪ್ರವರ್ಗದ ಒಳಗೂ. ರಾಜ್ಯ ಸರ್ಕಾರದ ನೇಮಕಾತಿಯಲ್ಲಿ ಗ್ರಾಮೀಣರಿಗೆ ಶೇ. 25, ಕನ್ನಡ ಮಾಧ್ಯಮದವರಿಗೆ ಶೇ. 5. ಹತ್ತೂ ವರ್ಷ ಪೂರ್ತಿ ಇರಬೇಕು, ಒಂಬತ್ತು ಸಾಲದು.

ಈಗ ನಮ್ಮೂರಿನ ಒಬ್ಬ ತಂದೆಯನ್ನು ನೆನೆಯಿರಿ. ಮಗ ಜಾಣ. ಏಳನೇ ತರಗತಿ ಮುಗಿಯುತ್ತಲೇ ಸಾಲ ಮಾಡಿ ಹರಪನಹಳ್ಳಿ ಪಟ್ಟಣದ ಇಂಗ್ಲಿಷ್ ಮಾಧ್ಯಮ ಶಾಲೆಗೆ ಹಾಕುತ್ತಾನೆ. ಮೂರು ವರ್ಷ ಫೀಸು ಕಟ್ಟಿ, ತನಗೆ ಗೊತ್ತಿಲ್ಲದಂತೆಯೇ, ಮಗನ ಗ್ರಾಮೀಣ ಮೀಸಲಾತಿಯನ್ನೂ ಕನ್ನಡ ಮಾಧ್ಯಮದ ಮೀಸಲಾತಿಯನ್ನೂ ಒಟ್ಟಿಗೆ ಕಳೆದಿರುತ್ತಾನೆ. ಅವನು ಮಾಡಿದ್ದು ತಪ್ಪೇ? ನನಗೆ ಹಾಗನ್ನಿಸುವುದಿಲ್ಲ. ಆ ಮೂರು ವರ್ಷದ ಇಂಗ್ಲಿಷಿನಿಂದ ಪಿಯುಸಿ ವಿಜ್ಞಾನದಲ್ಲಿ ಹುಡುಗ ಮುಗ್ಗರಿಸದೆ ನಡೆಯಬಹುದು. ಮೀಸಲಾತಿ ಸಿಕ್ಕೂ ಪಾಠ ತಿಳಿಯದೆ ಕೂತವರೂ ಇದ್ದಾರೆ. ಆದರೆ ಕಳೆಯುವುದು ಏನೆಂದು ಗೊತ್ತಿದ್ದು ಕಳೆಯುವುದು ಬೇರೆ, ಗೊತ್ತಿಲ್ಲದೆ ಕಳೆಯುವುದು ಬೇರೆ.

ಉರ್ದು ಮಾಧ್ಯಮದ ಮಕ್ಕಳ ಸ್ಥಿತಿ ಇನ್ನೂ ಇಕ್ಕಟ್ಟಿನದು. ಮನೆಯಲ್ಲಿ ದಖನಿ. ಸರ್ಕಾರಿ ಉರ್ದು ಪ್ರಾಥಮಿಕ ಶಾಲೆಯಲ್ಲಿ ಪುಸ್ತಕದ ಉರ್ದು. ಹತ್ತಿರದಲ್ಲಿ ಉರ್ದು ಪ್ರೌಢಶಾಲೆ ಇಲ್ಲದ್ದರಿಂದ ಎಂಟಕ್ಕೆ ಕನ್ನಡ ಮಾಧ್ಯಮ. ಪಿಯುಸಿಯಲ್ಲಿ ವಿಜ್ಞಾನ ಹಿಡಿದರೆ ಇಂಗ್ಲಿಷ್. ‘ಭಾಗಾಕಾರ’ ಎಂಬ ಒಂದೇ ಲೆಕ್ಕಕ್ಕೆ ಅವರು ಮೂರು ಹೆಸರು ಕಲಿತಿರುತ್ತಾರೆ, ಪ್ರತಿಸಲ ಹೆಸರು ಬದಲಾದಾಗಲೂ ಒಂದು ವರ್ಷ ಹಿಂದೆ ಬಿದ್ದಿರುತ್ತಾರೆ. ಕನ್ನಡ ಮಾಧ್ಯಮದ ಶೇ. 5 ಅವರಿಗಿಲ್ಲ, ಏಕೆಂದರೆ ಕನ್ನಡದಲ್ಲಿ ಓದಿದ್ದು ಮೂರೇ ವರ್ಷ. ಗ್ರಾಮೀಣ ಮೀಸಲಾತಿಗೆ ಮಾಧ್ಯಮದ ಷರತ್ತಿಲ್ಲವಾದ್ದರಿಂದ ಅದು ಸಿಗುತ್ತದೆ. ಇದನ್ನೂ ತಿಳಿಯದೆ ಅರ್ಜಿಯಲ್ಲಿ ‘ಇಲ್ಲ’ ಎಂದು ಗುರುತು ಹಾಕಿದವರನ್ನು ನೋಡಿದ್ದೇನೆ. ನೀಟ್ ಪರೀಕ್ಷೆಯನ್ನು 2017ರಿಂದ ಕನ್ನಡದಲ್ಲೂ 2018ರಿಂದ ಉರ್ದುವಿನಲ್ಲೂ ಬರೆಯಬಹುದು, ನಿಜ. ಎರಡು ವರ್ಷ ಇಂಗ್ಲಿಷಿನಲ್ಲಿ ಓದಿ ಪರೀಕ್ಷೆಯ ದಿನ ಉರ್ದುವಿಗೆ ಮರಳುವುದು ಎಷ್ಟು ಜನರಿಂದ ಆದೀತು?

ಹೊಳೆಯ ಈಚೆ, ಹೊಳೆಯ ಆಚೆ

ಹಲವಾಗಲು ತುಂಗಭದ್ರೆಯ ದಂಡೆಯ ಊರು. ಹೊಳೆಯ ಆಚೆ ಹಾವೇರಿ ಜಿಲ್ಲೆ. ಎರಡೂ ಕಡೆ ಅದೇ ಮೆಕ್ಕೆಜೋಳ, ಅದೇ ಭತ್ತ, ನೆರೆ ಬಂದರೆ ಎರಡೂ ಕಡೆಯ ಹೊಲ ಮುಳುಗುತ್ತವೆ. ಆದರೆ ಈಚೆ ದಂಡೆಯ ಹುಡುಗನಿಗೆ ಸಂವಿಧಾನದ 371(ಜೆ) ವಿಧಿಯ ಸೌಲಭ್ಯವಿದೆ, ಆಚೆಯವನಿಗಿಲ್ಲ. ನಮಗೂ ಅದು ಸುಲಭವಾಗಿ ಬರಲಿಲ್ಲ.

ಹರಪನಹಳ್ಳಿ ಮೊದಲು ಬಳ್ಳಾರಿ ಜಿಲ್ಲೆಯಲ್ಲಿತ್ತು. 1997ರ ಆಗಸ್ಟ್ 15ರಂದು ದಾವಣಗೆರೆ ಜಿಲ್ಲೆಯಾದಾಗ ನಮ್ಮನ್ನು ಅಲ್ಲಿಗೆ ಸೇರಿಸಿದರು. ದಾವಣಗೆರೆ ಹತ್ತಿರ, ಬಳ್ಳಾರಿ ದೂರ, ಹಾಗಾಗಿ ಅನೇಕರಿಗೆ ಸಂತೋಷವೇ ಆಯಿತು. ಅದರ ಬೆಲೆ ಆಮೇಲೆ ತಿಳಿಯಿತು. 2002ರ ಜೂನ್‌ನಲ್ಲಿ ‘ಅಕ್ಷರ ದಾಸೋಹ’ ಬಿಸಿಯೂಟವನ್ನು ಮೊದಲು ಆರಂಭಿಸಿದ ಏಳು ಜಿಲ್ಲೆಗಳಲ್ಲಿ ಬಳ್ಳಾರಿ ಇತ್ತು, ದಾವಣಗೆರೆ ಇರಲಿಲ್ಲ. ನಮ್ಮ ಕಡೆಗೆ ಬಂದದ್ದು 2003ರಲ್ಲಿ, ಉಳಿದ ಜಿಲ್ಲೆಗಳ ಜೊತೆ. ಅದು ತಿಂಗಳುಗಳ ಮಾತು, ಹೋಗಲಿ ಎನ್ನೋಣ. 2012ರ ಡಿಸೆಂಬರಿನಲ್ಲಿ ಸಂಸತ್ತು 98ನೇ ತಿದ್ದುಪಡಿಗೆ ಒಪ್ಪಿಗೆ ಕೊಟ್ಟು 371(ಜೆ) ಬಂದಾಗ ಅದರಲ್ಲಿ ಸೇರಿದ್ದು ಬೀದರ, ಗುಲ್ಬರ್ಗ, ಯಾದಗಿರಿ, ರಾಯಚೂರು, ಕೊಪ್ಪಳ, ಬಳ್ಳಾರಿ. ಪಕ್ಕದ ಹಡಗಲಿ, ಹಗರಿಬೊಮ್ಮನಹಳ್ಳಿ, ಕೂಡ್ಲಿಗಿ ಒಳಗೆ. ಹರಪನಹಳ್ಳಿ ಹೊರಗೆ. ಹೋರಾಟ ನಡೆದು, ತಾಲ್ಲೂಕನ್ನು ಮರಳಿ ಬಳ್ಳಾರಿಗೆ ಸೇರಿಸುವ ತೀರ್ಮಾನ 2018ರಲ್ಲಿ ಆಯಿತು. 2021ರಲ್ಲಿ ವಿಜಯನಗರ ಜಿಲ್ಲೆ ಹುಟ್ಟಿ ನಾವು ಅದರ ಭಾಗವಾದೆವು.

ಇದರ ಲೆಕ್ಕ ಹೀಗಿದೆ: ಕಲ್ಯಾಣ ಕರ್ನಾಟಕದೊಳಗಿನ ವಿದ್ಯಾಸಂಸ್ಥೆಗಳಲ್ಲಿ ಶೇ. 70 ಸೀಟು ಸ್ಥಳೀಯರಿಗೆ, ಪ್ರದೇಶದ ಹೊರಗಿನ ರಾಜ್ಯಮಟ್ಟದ ಸಂಸ್ಥೆಗಳಲ್ಲಿ ಶೇ. 8. ಪ್ರದೇಶದ ಸರ್ಕಾರಿ ಹುದ್ದೆಗಳಲ್ಲಿ ‘ಬಿ’ ವೃಂದಕ್ಕೆ ಶೇ. 75, ‘ಸಿ’ಗೆ 80, ‘ಡಿ’ಗೆ 85. ಬಳ್ಳಾರಿಯ ಸರ್ಕಾರಿ ವೈದ್ಯಕೀಯ ಕಾಲೇಜು, ರಾಯಚೂರಿನ ಕೃಷಿ ವಿಶ್ವವಿದ್ಯಾಲಯ ಎಲ್ಲ ಇದರಲ್ಲಿ ಬರುತ್ತವೆ. ಮಧ್ಯದ ಐದಾರು ವರ್ಷಗಳಲ್ಲಿ ಪಿಯುಸಿ ಮುಗಿಸಿದ ನಮ್ಮ ತಾಲ್ಲೂಕಿನ ಹುಡುಗರು ಓದಿದ್ದು ಅದೇ ಪುಸ್ತಕ, ಬರೆದದ್ದು ಅದೇ ಪರೀಕ್ಷೆ. ಗೆರೆ ಬೇರೆ ಕಡೆ ಇತ್ತು, ಅಷ್ಟೇ. ಅವರಲ್ಲಿ ಕೆಲವರು ಈಗ ದಾವಣಗೆರೆಯ ಅಂಗಡಿಗಳಲ್ಲಿದ್ದಾರೆ. ಬುದ್ಧಿ ಸಾಲದೆ ಹಾಗಾಯಿತು ಎಂದು ಯಾರಾದರೂ ಹೇಳಿದರೆ ನಾನು ಒಪ್ಪುವುದಿಲ್ಲ.

ಈ ಸೌಲಭ್ಯಕ್ಕೆ ಉಪವಿಭಾಗಾಧಿಕಾರಿಗಳಿಂದ ಅರ್ಹತಾ ಪ್ರಮಾಣ ಪತ್ರ ತೆಗೆಯಬೇಕು. ಅದಕ್ಕೂ ಶಾಲೆಯ ದಾಖಲೆ ಬೇಕಾಗುತ್ತದೆ. ಮತ್ತೆ ಅದೇ ರಿಜಿಸ್ಟರಿಗೆ ಬಂದೆವು.

ಹದಿನಾಲ್ಕರ ಗಡಿ

ಶಿಕ್ಷಣ ಹಕ್ಕು ಕಾಯ್ದೆ 2010ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಅದು ಕಾಯುವುದು 6ರಿಂದ 14ರ ವಯಸ್ಸನ್ನು, ಅಂದರೆ ಎಂಟನೇ ತರಗತಿವರೆಗೆ. ಹೆಣ್ಣುಮಕ್ಕಳ ಓದು ನಮ್ಮ ಹಳ್ಳಿಗಳಲ್ಲಿ ನಿಲ್ಲುವುದು ಸರಿಯಾಗಿ ಆ ಗಡಿ ದಾಟಿದ ಮೇಲೆ. ಊರಿನ ಶಾಲೆ ಮುಗಿದು ಬಸ್ಸು ಹತ್ತಬೇಕಾದಾಗ ನಿಲ್ಲುತ್ತದೆ. 2023ರ ಜೂನ್ 11ರಿಂದ ‘ಶಕ್ತಿ’ ಯೋಜನೆಯಲ್ಲಿ ಸರ್ಕಾರಿ ಬಸ್ಸಿನಲ್ಲಿ ಹೆಂಗಸರಿಗೆ ಟಿಕೆಟ್ಟಿಲ್ಲ. ದುಡ್ಡಿನ ಅಡ್ಡಿ ಹೋಯಿತು. ಸಂಜೆ ಬಸ್ಸು ತಪ್ಪಿದರೆ ಮನೆ ಮುಟ್ಟುವಷ್ಟರಲ್ಲಿ ಕತ್ತಲಾಗುತ್ತದೆ ಎಂಬ ಅಮ್ಮನ ಅಡ್ಡಿ ಹೋಗಿಲ್ಲ.

ಮುಸ್ಲಿಮರಿಗೆ ಓದಿನಲ್ಲಿ ಆಸಕ್ತಿಯಿಲ್ಲ, ಮಕ್ಕಳನ್ನೆಲ್ಲ ಮದರಸಾಕ್ಕೆ ಕಳಿಸುತ್ತಾರೆ ಎಂಬ ಮಾತನ್ನು ನೀವೂ ಕೇಳಿರುತ್ತೀರಿ. ನ್ಯಾಯಮೂರ್ತಿ ರಾಜಿಂದರ್ ಸಾಚಾರ್ ಸಮಿತಿ 2006ರಲ್ಲಿ ಕೊಟ್ಟ ವರದಿ ಇದನ್ನು ಅಂಕಿಗಳಿಂದಲೇ ಸುಳ್ಳು ಮಾಡಿತು. ಶಾಲಾ ವಯಸ್ಸಿನ ಮುಸ್ಲಿಂ ಮಕ್ಕಳಲ್ಲಿ ಮದರಸಾಗಳಲ್ಲಿ ಓದುವವರು ಸುಮಾರು ಶೇ. 3 ಮಾತ್ರ. ಅದೇ ವರದಿಯ ಪ್ರಕಾರ 6ರಿಂದ 14ರ ಮುಸ್ಲಿಂ ಮಕ್ಕಳಲ್ಲಿ ಶೇ. 25ರಷ್ಟು ಒಂದೋ ಶಾಲೆಯ ಮುಖವನ್ನೇ ನೋಡಿರಲಿಲ್ಲ, ಇಲ್ಲವೇ ಸೇರಿ ಬಿಟ್ಟಿದ್ದರು. ಹೆಸರಾಂತ ಕಾಲೇಜುಗಳ ಪದವಿ ತರಗತಿಗಳಲ್ಲಿ 25 ಜನರಲ್ಲಿ ಒಬ್ಬರು, ಸ್ನಾತಕೋತ್ತರದಲ್ಲಿ 50ರಲ್ಲಿ ಒಬ್ಬರು ಮುಸ್ಲಿಮರು. ಮೇಲೆ ಹೋದಂತೆ ಸಂಖ್ಯೆ ಅರ್ಧಕ್ಕೆ ಇಳಿಯುತ್ತದೆ. ವರದಿ ಹಳೆಯದು, ಅಂಕಿಗಳು ಬದಲಾಗಿರಬಹುದು. ಆದರೆ ಮದರಸಾದ ಮಾತು ಆಡುವವರು ಇಂದಿಗೂ ಆಡುತ್ತಿದ್ದಾರೆ, ಅದಕ್ಕೇ ಬರೆದೆ.

ಫ್ರಾನ್ಸಿನ ಸಮಾಜಶಾಸ್ತ್ರಜ್ಞ ಪಿಯರ್ ಬೋರ್ದಿಯು ‘ಸಾಂಸ್ಕೃತಿಕ ಬಂಡವಾಳ’ ಎಂಬ ಮಾತನ್ನು ಬಳಕೆಗೆ ತಂದ. ಶಾಲೆ ಎಲ್ಲರಿಗೂ ಒಂದೇ ಪಾಠ ಹೇಳಿದರೂ, ಆ ಪಾಠಕ್ಕೆ ಬೇಕಾದ ಮಾತು, ನಡೆ, ತಿಳಿವಳಿಕೆ ಕೆಲವರ ಮನೆಯಲ್ಲಿ ಮೊದಲೇ ಇರುತ್ತದೆ, ಆದ್ದರಿಂದ ಶಾಲೆಯೇ ಹಳೆಯ ಅಂತರವನ್ನು ಮುಂದಿನ ತಲೆಮಾರಿಗೂ ಸಾಗಿಸುತ್ತದೆ ಎಂದು ಅವನ ವಾದ. ನೀವು ಇದಕ್ಕೆ ಪುಸ್ತಕ, ಸಂಗೀತ ಎಂದು ಉದಾಹರಣೆ ಬರೆಯುತ್ತೀರಿ. ನಮ್ಮಲ್ಲಿ ಅದರ ನಿಜವಾದ ರೂಪ ಬೇರೆ. ಅರ್ಜಿಯ ಕೊನೆಯ ದಿನ ಯಾವುದು, ಆದಾಯ ಪ್ರಮಾಣ ಪತ್ರಕ್ಕೆ ನಾಡಕಚೇರಿಗೆ ಯಾವಾಗ ಹೋಗಬೇಕು, ಕೌನ್ಸೆಲಿಂಗ್‌ನಲ್ಲಿ ಕಾಲೇಜುಗಳನ್ನು ಯಾವ ಕ್ರಮದಲ್ಲಿ ಹಾಕಬೇಕು, ಅಲ್ಪಸಂಖ್ಯಾತರ ಅಭಿವೃದ್ಧಿ ನಿಗಮದ ‘ಅರಿವು’ ಸಾಲ ಯಾವ ಕೋರ್ಸಿಗೆ ಸಿಗುತ್ತದೆ, ಇವನ್ನೆಲ್ಲ ಊಟದ ಹೊತ್ತಿನಲ್ಲಿ ಮಾತಾಡುವ ಮನೆಗಳಿವೆ. ಮೇಷ್ಟ್ರ ಮಕ್ಕಳು ಮೇಷ್ಟ್ರಾಗುವುದಕ್ಕೆ ಅರ್ಧ ಕಾರಣ ಇದೇ. ಉಳಿದವರಿಗೆ ಆ ಊಟದ ಮಾತನ್ನು ಕಾಲೇಜೇ ಆಡಬೇಕು. ನಾವು ಸಾಕಷ್ಟು ಆಡುತ್ತಿಲ್ಲ ಎಂಬುದು ನನ್ನ ಅಭಿಪ್ರಾಯ. ಆಡಳಿತ ಮಂಡಳಿಯವರು ಓದಲಿ ಎಂದೇ ಇಲ್ಲಿ ಬರೆಯುತ್ತಿದ್ದೇನೆ.

ಸದ್ಯಕ್ಕೆ ಮಾಡಬಹುದಾದದ್ದು ಇಷ್ಟು. ನಿಮ್ಮ ಟಿ.ಸಿ.ಯ ನಕಲನ್ನು, ಎಸ್ಸೆಸ್ಸೆಲ್ಸಿ ಅಂಕಪಟ್ಟಿಯನ್ನು, ಆಧಾರ್ ಕಾರ್ಡನ್ನು ಪಕ್ಕ ಪಕ್ಕ ಇಟ್ಟು ಹೆಸರಿನ ಅಕ್ಷರ, ಹುಟ್ಟಿದ ದಿನ, ಜಾತಿ ಒಂದೇ ಇವೆಯೇ ನೋಡಿ. ‘ಶೇಖ್’ ಒಂದರಲ್ಲಿ ಮುಂದೆ, ಇನ್ನೊಂದರಲ್ಲಿ ಹಿಂದೆ ಇರುವುದು ನಮ್ಮಲ್ಲಿ ತೀರ ಸಾಮಾನ್ಯ. ಗ್ರಾಮೀಣ ಮತ್ತು ಕನ್ನಡ ಮಾಧ್ಯಮದ ವ್ಯಾಸಂಗ ಪ್ರಮಾಣ ಪತ್ರವನ್ನು ಓದಿದ ಶಾಲೆಯಿಂದ ಈಗಲೇ ತಂದಿಟ್ಟುಕೊಳ್ಳಿ, ಬಿಇಒ ಕಚೇರಿಯ ಮೇಲುಸಹಿ ಕೇಳಿದರೆ ಪರೀಕ್ಷೆಯ ವಾರದಲ್ಲಿ ಓಡಾಡುವಂತಾಗಬಾರದು. ಎಸ್ಸೆಸ್ಸೆಲ್ಸಿ ದಾಟಿದ ಮೇಲೆ ಹುಟ್ಟಿದ ದಿನ ತಿದ್ದಿಸುವುದು ಕೋರ್ಟಿನ ಮೆಟ್ಟಿಲು ಹತ್ತುವ ಕೆಲಸ. ಅದಕ್ಕಿಂತ ಮೊದಲು ಸುಲಭ. ಆದ್ದರಿಂದ ಮನೆಯಲ್ಲಿ ನಾಲ್ಕನೆಯದೋ ಏಳನೆಯದೋ ಓದುವ ತಮ್ಮ ತಂಗಿಯರಿದ್ದರೆ, ಮುಂದಿನ ರಜೆಯಲ್ಲಿ ಅಬ್ಬಾ ಇಲ್ಲವೇ ಅಮ್ಮಿಯನ್ನು ಕರೆದುಕೊಂಡು ಆ ಶಾಲೆಗೆ ಹೋಗಿ, ಹೆಡ್‌ಮಾಸ್ತರರಲ್ಲಿ ವಿನಂತಿಸಿ, ಆ ಒಂದು ಸಾಲನ್ನು ಓದಿ ಬನ್ನಿ.