ಸಾಮಾನಿನ ಹತ್ತಿರ ಉಳಿದವನಿಗೂ ಸಮಪಾಲು

ವಾಕ್ಯಭಾಗ: 1 ಸಮುವೇಲ 30:1–25
ಜೊತೆಗೆ ಓದಿಕೊಳ್ಳಿ: ಅಪೊಸ್ತಲರ ಕೃತ್ಯಗಳು 13:13; 15:36–40; 2 ತಿಮೊಥೆಯ 4:11

ಪುತ್ತೂರು, ಸುಳ್ಯ, ಕಡಬ ಮೂರೂ ಕಡೆಯ ಯೌವನಸ್ಥರು ಇವತ್ತು ಒಟ್ಟಿಗೆ ಕೂತಿದ್ದೀರಿ. ಕೆಲವರು ಬೆಂಗಳೂರಿನಿಂದ ರಾತ್ರಿ ಬಸ್ಸು ಹಿಡಿದು ಬಂದಿದ್ದೀರಿ. ಕರ್ತನಿಗೆ ಸ್ತೋತ್ರ. ನಿದ್ದೆ ಬಂದರೆ ಪಕ್ಕದವರು ಸ್ವಲ್ಪ ಎಬ್ಬಿಸಿ.

ಇವತ್ತು ವಾಕ್ಯಕ್ಕೆ ಹೋಗುವ ಮೊದಲು ನಾನು ನಿಮ್ಮ ಮುಂದೆ ಒಂದು ತಪ್ಪು ಒಪ್ಪಿಕೊಳ್ಳಬೇಕು.

ನಮ್ಮ ಸಭೆಯ ಒಬ್ಬ ತಮ್ಮ ಸೈನ್ಯದಲ್ಲಿದ್ದಾನೆ. ಹೆಸರು ಹೇಳದಿದ್ದರೆ ವಿಷಯ ಹೇಳಬಹುದು ಎಂದು ಅವನೇ ಒಪ್ಪಿಗೆ ಕೊಟ್ಟಿದ್ದಾನೆ. ಅವನಿಗೆ ಪ್ಯಾರಾಚೂಟ್ ರೆಜಿಮೆಂಟಿಗೆ ಹೋಗಬೇಕೆಂದು ಆಸೆ. ಆ ರೆಜಿಮೆಂಟಿನ ತರಬೇತಿ ಕೇಂದ್ರ ಬೆಂಗಳೂರಿನಲ್ಲೇ ಉಂಟು, ವಿಮಾನದಿಂದ ಧುಮುಕುವುದನ್ನು ಕಲಿಸುವುದು ಆಗ್ರಾದಲ್ಲಿ. ಬೇರೆ ಯೂನಿಟ್ಟಿನ ಸೈನಿಕರು ಸ್ವಂತ ಇಚ್ಛೆಯಿಂದ ಹೆಸರು ಕೊಡಬಹುದು. ಆದರೆ ಮೊದಲು ಪ್ರೊಬೇಷನ್ ಎಂಬ ಕಠಿಣವಾದ ಪರೀಕ್ಷೆಯ ಅವಧಿ ದಾಟಬೇಕು. ಭಾರ ಹೊತ್ತು ಓಡಬೇಕು, ನಿದ್ದೆ ಬಿಡಬೇಕು. ದಾಟಿದವನಿಗೆ ಮರೂನ್ ಬಣ್ಣದ ಟೋಪಿ. ದಾಟದವನು ತನ್ನ ಹಳೆ ಯೂನಿಟ್ಟಿಗೆ ವಾಪಸ್.

ಅವನು ಹೋಗುವ ಮೊದಲಿನ ಆದಿತ್ಯವಾರ ಸಭೆಯಲ್ಲಿ ಸಾಕ್ಷಿ ಹೇಳಿದ. ನಾವೆಲ್ಲ ಕೈಯಿಟ್ಟು ಪ್ರಾರ್ಥಿಸಿದೆವು. ಆಗ ನಾನು ಉತ್ಸಾಹದಲ್ಲಿ ಮೈಕ್ ಹಿಡಿದು, "ನೀನು ಮರೂನ್ ಟೋಪಿ ಹಾಕಿಕೊಂಡೇ ಈ ಬಾಗಿಲಲ್ಲಿ ಬರುತ್ತೀ, ಇದು ಕರ್ತನ ಮಾತು" ಎಂದುಬಿಟ್ಟೆ. ನೀವೆಲ್ಲ ಆಮೆನ್ ಹೇಳಿದಿರಿ. ಯಾರೋ ಅದನ್ನು ಸ್ಟೇಟಸ್ ಹಾಕಿದರು.

ಅವನ ಮೊಣಕಾಲು ಕೈಕೊಟ್ಟಿತು. ಪ್ರೊಬೇಷನ್ ಅರ್ಧದಲ್ಲೇ ಮುಗಿಯಿತು. ಹಳೆ ಯೂನಿಟ್ಟಿಗೆ ಹೋದ ಮೇಲೆ ಅವನನ್ನು ಸ್ಟೋರಿಗೆ ಹಾಕಿದರು. ಬಟ್ಟೆ, ಬೂಟು, ಟೆಂಟು, ಹಗ್ಗ ಎಲ್ಲದರ ಲೆಕ್ಕ ಇಡುವ ಕೆಲಸ. ಒಂದು ರಾತ್ರಿ ಹನ್ನೊಂದು ಗಂಟೆಗೆ ಫೋನ್ ಮಾಡಿದ. ತುಂಬ ಹೊತ್ತು ಮಾತೇ ಇಲ್ಲ. ಆಮೇಲೆ ಕೇಳಿದ: "ಪಾಸ್ಟರ್, ದೇವರು ಹೇಳಿದ್ದು ನನ್ನ ವಿಷಯದಲ್ಲಿ ಮಾತ್ರ ಯಾಕೆ ತಪ್ಪಿತು?"

ನಾನು ಹೇಳಿದೆ, "ಇಲ್ಲ ಮಾರಾಯ, ಅದು ದೇವರು ಹೇಳಿದ್ದಲ್ಲ. ನಾನು ಹೇಳಿದ್ದು. ನನ್ನನ್ನು ಕ್ಷಮಿಸು."

ಪ್ರಿಯರೇ, ಅವನಿಗೆ ಕ್ಷಮೆ ಕೇಳಿದ್ದೇನೆ, ಇವತ್ತು ನಿಮಗೂ ಕೇಳುತ್ತೇನೆ. ಪವಿತ್ರಾತ್ಮನ ವರಗಳನ್ನು ನಾವು ನಂಬುತ್ತೇವೆ. ಆದ್ದರಿಂದಲೇ ನಮ್ಮ ಆಸೆಗೆ ಕರ್ತನ ಹೆಸರು ಅಂಟಿಸಬಾರದು.

ಸೈನ್ಯದಲ್ಲಿ ಕೆಲಸ ಬದಲಾಗುವುದು ಹೊಸ ವಿಷಯವಲ್ಲ. ಹೈದರಾಬಾದಿನ ಹತ್ತಿರ ದುಂಡಿಗಲ್‌ನಲ್ಲಿ ವಾಯುಪಡೆಯ ಅಕಾಡೆಮಿ ಉಂಟು. ಅಲ್ಲಿ ಪೈಲಟ್ ತರಬೇತಿಗೆ ಸೇರಿದವರೆಲ್ಲ ಪೈಲಟ್ ಆಗುವುದಿಲ್ಲ. ಹಾರಾಟದ ತರಬೇತಿ ಅರ್ಧಕ್ಕೆ ನಿಂತವರಲ್ಲಿ ಕೆಲವರು ನೆಲದ ಮೇಲಿನ ವಿಭಾಗಗಳಿಗೆ, ಅಂದರೆ ಆಡಳಿತ, ಸರಬರಾಜು ಇಂಥ ಕೆಲಸಗಳಿಗೆ ಹೋಗುತ್ತಾರೆ. ಸಮವಸ್ತ್ರ ಅದೇ, ದೇಶ ಅದೇ. ಆದರೆ ನಮ್ಮ ಊರಿನಲ್ಲಿ ಅದಕ್ಕೆಲ್ಲ ಇರುವುದು ಒಂದೇ ಶಬ್ದ: ಫೇಲ್. ದೇವರ ವಾಕ್ಯದಲ್ಲಿ ಯಾವ ಶಬ್ದ ಉಂಟು ಎಂದು ನೋಡುವ.

1. ಅವರೂ ಹಳ್ಳದವರೆಗೆ ನಡೆದಿದ್ದರು

ದಾವೀದ ಮತ್ತು ಅವನ 600 ಮಂದಿ ಚಿಕ್ಲಗ್ ಊರಿಗೆ ಬಂದಾಗ ಊರು ಸುಟ್ಟು ಬೂದಿಯಾಗಿತ್ತು. ಹೆಂಡತಿ ಮಕ್ಕಳನ್ನು ಅಮಾಲೇಕ್ಯರು ಹಿಡಿದುಕೊಂಡು ಹೋಗಿದ್ದರು. ಅಳುವುದಕ್ಕೂ ಶಕ್ತಿ ಇಲ್ಲದಷ್ಟು ಅತ್ತರು ಎಂದು 4ನೇ ವಚನದಲ್ಲಿ ಉಂಟು. ಆಮೇಲೆ ದಾವೀದ ಕರ್ತನಲ್ಲಿ ತನ್ನನ್ನು ಬಲಪಡಿಸಿಕೊಂಡು, ದೇವರನ್ನು ಕೇಳಿ, ಬೆನ್ನಟ್ಟಿ ಹೊರಟ.

ಬೆಸೋರ್ ಹಳ್ಳದ ಹತ್ತಿರ 200 ಮಂದಿಗೆ ಆಗಲಿಲ್ಲ. ದಾಟುವ ಶಕ್ತಿ ಇಲ್ಲ. ನಮ್ಮ ಕಡಬದವರಿಗೆ ಇದು ಬೇಗ ಅರ್ಥವಾಗುತ್ತದೆ. ಹೊಸಮಠದ ಹಳೆ ಸೇತುವೆ ಮಳೆಗಾಲದಲ್ಲಿ ಮುಳುಗುತ್ತಿದ್ದ ಕಾಲ ನೆನಪುಂಟಲ್ಲ? ಈಚೆಯವರು ಈಚೆಯೇ ನಿಲ್ಲಬೇಕಿತ್ತು. ಆಸೆ ಇಲ್ಲದೆ ನಿಂತದ್ದಲ್ಲ, ದಾಟಲಿಕ್ಕೆ ಆಗದೆ ನಿಂತದ್ದು.

ಇಲ್ಲಿ ನಿಮ್ಮನ್ನೇ ಒಂದು ಪ್ರಶ್ನೆ ಕೇಳಿಕೊಳ್ಳಿ. ಆ 200 ಮಂದಿ ಮನೆಯಲ್ಲಿ ಮಲಗಿದವರಲ್ಲ. ಎಲ್ಲರ ಜೊತೆ ಅತ್ತವರು, ಎಲ್ಲರ ಜೊತೆ ಹಳ್ಳದವರೆಗೆ ನಡೆದವರು. ನೀವು ಪಿಎಸ್ಐ ಪರೀಕ್ಷೆಯೋ, ನರ್ಸಿಂಗೋ, ನೀಟೋ ಬಿಟ್ಟದ್ದು ಹಳ್ಳದವರೆಗೆ ನಡೆದ ಮೇಲೆಯಾ, ಅಥವಾ ಮೊಬೈಲ್ ನೋಡುತ್ತಾ ಮನೆಯಲ್ಲೇ ಕೂತಾ? ಕೂತು ಬಿಟ್ಟವರು ಪಶ್ಚಾತ್ತಾಪಪಡಬೇಕು, ಎದ್ದು ಹೊರಡಬೇಕು. ಆದರೆ ನಡೆದು ನಡೆದು ಶಕ್ತಿ ಮುಗಿದವನಿಗೆ ಬೇಕಾದದ್ದು ಪಶ್ಚಾತ್ತಾಪವಲ್ಲ, ವಿಶ್ರಾಂತಿ. ನಾವು ಎಷ್ಟೋ ಸಲ ದಣಿದವನಿಗೆ ಬೈದು, ಸೋಮಾರಿಯನ್ನು ಸಮಾಧಾನಪಡಿಸುತ್ತೇವೆ. ಆಮೆನ್ ಹೇಳಿ.

2. ದಾವೀದ ಅವರನ್ನು ಬಿಟ್ಟುಹೋಗಲಿಲ್ಲ, ಕೆಲಸ ಕೊಟ್ಟ

ಈ ಅಧ್ಯಾಯದಲ್ಲಿ ಶಕ್ತಿ ಮುಗಿದವರು ಇನ್ನೊಬ್ಬರು ಉಂಟು. 11ನೇ ವಚನ ನೋಡಿ. ಹೊಲದಲ್ಲಿ ಬಿದ್ದಿದ್ದ ಐಗುಪ್ತದ ಹುಡುಗ. ಅಮಾಲೇಕ್ಯನೊಬ್ಬನ ಆಳು. ಕಾಯಿಲೆ ಬಿದ್ದ, ಯಜಮಾನ ದಾರಿಯಲ್ಲೇ ಎಸೆದು ಹೋದ. ಮೂರು ದಿನ ಅನ್ನವಿಲ್ಲ, ನೀರಿಲ್ಲ.

ಅಮಾಲೇಕ್ಯನ ಲೆಕ್ಕ ಇದು: ನಡೆಯಲಿಕ್ಕೆ ಆಗುವುದಿಲ್ಲವಾ, ಬಿಸಾಡು. ದಾವೀದನ ಲೆಕ್ಕ ಬೇರೆ. ನಡೆಯಲಿಕ್ಕೆ ಆಗದ 200 ಮಂದಿ ಸಾಮಾನಿನ ಹತ್ತಿರ ಉಳಿದರು. ಸಾಮಾನು ಇಲ್ಲಿ ಇದ್ದದ್ದರಿಂದ 400 ಮಂದಿ ಭಾರವಿಲ್ಲದೆ ಹೋದರು. ಇನ್ನೊಂದು ನೋಡಿ, ಅಮಾಲೇಕ್ಯ ಬಿಸಾಡಿದ ಆ ಹುಡುಗನೇ ದಾವೀದನಿಗೆ ದಾರಿ ತೋರಿಸಿದ. ಹಲ್ಲೆಲೂಯಾ!

ನಮ್ಮ ತೋಟದ ವಿಷಯ ಹೇಳುತ್ತೇನೆ. ಮಳೆಗಾಲದಲ್ಲಿ ಅಡಿಕೆಗೆ ಮದ್ದು ಬಿಡುವಾಗ ಮರದ ಮೇಲಿನವನನ್ನು ಎಲ್ಲರೂ ನೋಡುತ್ತಾರೆ. ನನಗೆ ಮರ ಹತ್ತಲು ಬರುವುದಿಲ್ಲ. ಕಲಿಯಲು ಹೋಗಿ ಎದೆ ಕೆರೆದುಕೊಂಡು ಇಳಿದವನು ನಾನು. ಆದ್ದರಿಂದ ನನ್ನ ಜಾಗ ಕೆಳಗೆ, ಡ್ರಮ್ಮಿನ ಹತ್ತಿರ. 100 ಲೀಟರ್ ನೀರಿಗೆ 1 ಕಿಲೋ ಮೈಲುತುತ್ತು, 1 ಕಿಲೋ ಸುಣ್ಣ. ಬೇರೆ ಬೇರೆ ಕರಗಿಸಿ ಬೆರೆಸಬೇಕು. ಆಮೇಲೆ ಉಜ್ಜಿದ ಕಬ್ಬಿಣದ ಕತ್ತಿ ಅದ್ದಿ ನೋಡಬೇಕು. ಕತ್ತಿಗೆ ಕೆಂಪು ಬಣ್ಣ ಹಿಡಿದರೆ ತಾಮ್ರ ಹೆಚ್ಚಾಗಿದೆ, ಇನ್ನೂ ಸುಣ್ಣ ಬೇಕು. ಕೆಳಗಿನವನು ಇದರಲ್ಲಿ ಉದಾಸೀನ ಮಾಡಿದರೆ, ಮೇಲಿನವನು ಎಷ್ಟೇ ಚೆನ್ನಾಗಿ ಹತ್ತಿದರೂ ಕೊಳೆರೋಗ ನಿಲ್ಲುವುದಿಲ್ಲ.

ಸೈನ್ಯದಲ್ಲೂ ಹಾಗೆಯೇ. ಧುಮುಕುವವನ ಬೂಟು, ಹಗ್ಗ, ಚೀಲ ಯಾರೋ ಲೆಕ್ಕ ಮಾಡಿ ಕೊಟ್ಟದ್ದು. ಆ "ಯಾರೋ" ನಮ್ಮ ತಮ್ಮ.

3. ಹಿಂದೆ ಬಂದ ಮಾರ್ಕ ಮತ್ತೆ ಬೇಕಾದ

"ನಾನೇ ಅರ್ಧದಲ್ಲಿ ಬಿಟ್ಟು ಬಂದದ್ದು ಪಾಸ್ಟರ್, ನನ್ನದೇ ತಪ್ಪು" ಎನ್ನುವವರೂ ಇಲ್ಲಿ ಇರಬಹುದು. ನಿಮಗೆ ಮಾರ್ಕನ ಕಥೆ.

ಬಾರ್ನಬ, ಪೌಲರ ಮೊದಲನೆಯ ಸುವಾರ್ತಾ ಪ್ರಯಾಣದಲ್ಲಿ ಅವನು ಸಹಾಯಕ. ಪೆರ್ಗೆಯಲ್ಲಿ ಅವರನ್ನು ಬಿಟ್ಟು ಯೆರೂಸಲೇಮಿಗೆ ವಾಪಸ್ ಹೋದ. ಯಾಕೆ ಹೋದ ಎಂದು ಲೂಕ ಬರೆಯಲಿಲ್ಲ, ಆದ್ದರಿಂದ ನಾನೂ ಊಹಿಸುವುದಿಲ್ಲ. ಎರಡನೆಯ ಪ್ರಯಾಣಕ್ಕೆ ಅವನು ಬೇಡ ಎಂದು ಪೌಲ ಹಟ ಹಿಡಿದ. ತೀಕ್ಷ್ಣವಾದ ಜಗಳವಾಗಿ ಇಬ್ಬರೂ ಬೇರೆಯಾದರು. ಬಾರ್ನಬ ಮಾರ್ಕನನ್ನು ಕರೆದುಕೊಂಡು ಕುಪ್ರಕ್ಕೆ ಹೋದ.

ವರ್ಷಗಳು ಕಳೆದವು. ಪೌಲ ಸೆರೆಯಲ್ಲಿ ಕೂತು ತಿಮೊಥೆಯನಿಗೆ ಬರೆಯುತ್ತಾನೆ: ಬರುವಾಗ ಮಾರ್ಕನನ್ನು ಕರೆದುಕೊಂಡು ಬಾ, ಸೇವೆಗೆ ಅವನು ನನಗೆ ಉಪಯುಕ್ತ. ಯಾರು ಬೇಡ ಎಂದನೋ ಅವನೇ ಬೇಕು ಎಂದ. ಎರಡನೆಯ ಸುವಾರ್ತೆಯನ್ನು ಬರೆದವನು ಇದೇ ಮಾರ್ಕನೆಂದು ಸಭೆಯು ಮೊದಲಿನಿಂದಲೂ ನಂಬಿಕೊಂಡು ಬಂದಿದೆ. ಪೆರ್ಗೆ ಅವನ ಕೊನೆಯ ನಿಲ್ದಾಣ ಆಗಲಿಲ್ಲ. ಆದರೆ ಮಧ್ಯದಲ್ಲಿ ಒಬ್ಬ ಬಾರ್ನಬ ಬೇಕಾಗಿತ್ತು.

4. ಮೊದಲು ಸೌಖ್ಯ ಕೇಳಿ

ಈಗ ಹಳ್ಳದ ಹತ್ತಿರ ಮತ್ತೆ ಬನ್ನಿ. ಎಲ್ಲವನ್ನೂ ಬಿಡಿಸಿಕೊಂಡು 400 ಮಂದಿ ವಾಪಸ್ ಬರುತ್ತಾರೆ. ಅವರಲ್ಲಿ ಕೆಲವು ದುಷ್ಟರು ಹೇಳುತ್ತಾರೆ: ಇವರು ಬರಲಿಲ್ಲವಲ್ಲ, ಹೆಂಡತಿ ಮಕ್ಕಳನ್ನು ಕರೆದುಕೊಂಡು ಹೋಗಲಿ, ಕೊಳ್ಳೆಯಲ್ಲಿ ಪಾಲು ಬೇಡ. ದಾವೀದ ಒಪ್ಪಲಿಲ್ಲ. ಇದು ನಾವು ಗೆದ್ದದ್ದಲ್ಲ, ಕರ್ತನು ಕೊಟ್ಟದ್ದು ಎಂದ. ಯುದ್ಧಕ್ಕೆ ಹೋದವನಿಗೂ ಸಾಮಾನು ಕಾದವನಿಗೂ ಸಮಪಾಲು ಎಂದು ತೀರ್ಪು ಕೊಟ್ಟ. ಅದು ಇಸ್ರಾಯೇಲಿನಲ್ಲಿ ಕಟ್ಟಳೆಯೇ ಆಯಿತು.

ಅದಕ್ಕಿಂತ ಮೊದಲು ಅವನು ಏನು ಮಾಡಿದ, 21ನೇ ವಚನದಲ್ಲಿ ನೋಡಿ. ಆ 200 ಮಂದಿಯ ಹತ್ತಿರ ಬಂದು ಕ್ಷೇಮ ವಿಚಾರಿಸಿದ. ನಮ್ಮ ಊರಿನ ಮಾತಿನಲ್ಲಿ "ಸೌಖ್ಯವಾ?" ಎಂದು ಕೇಳಿದ. ಯಾಕೆ ಬರಲಿಲ್ಲ ಎಂದು ಕೇಳಲಿಲ್ಲ.

ಬರುವ ತಿಂಗಳು ನಮ್ಮ ತಮ್ಮ ರಜೆಗೆ ಬರುತ್ತಾನೆ. ಸಭೆಗೆ ಬರಲು ನಾಚಿಕೆ ಎಂದು ಹೇಳಿದ್ದಾನೆ. ಅವನ ಅಮ್ಮನಿಗೂ ಅದೇ ಸಂಕಟ, "ಮಗ ಎಲ್ಲಿಯವರೆಗೆ ಬಂದ?" ಎಂದು ಬಸ್‌ಸ್ಟ್ಯಾಂಡಿನಲ್ಲಿ ಕೇಳುತ್ತಾರಂತೆ. ದಯವಿಟ್ಟು ನೀವು ಯಾರೂ ಟೋಪಿಯ ವಿಷಯ ಎತ್ತಬೇಡಿ. "ದೇವರು ಇದಕ್ಕಿಂತ ದೊಡ್ಡದು ಇಟ್ಟಿದ್ದಾನೆ" ಎಂದು ನನ್ನ ಹಾಗೆ ಇನ್ನೊಂದು ಪ್ರವಾದನೆಯನ್ನೂ ಹೇಳಬೇಡಿ. ಸೌಖ್ಯವಾ ಎಂದು ಕೇಳಿ, ಪಕ್ಕದಲ್ಲಿ ಕೂರಿಸಿಕೊಳ್ಳಿ, ಊಟಕ್ಕೆ ಕರೆಯಿರಿ. ಅವನು ಮಾತಾಡಿದರೆ ಕೇಳಿ.

ನಿಮ್ಮಲ್ಲೂ ಕೆಲವರು ಬೇರೆ ಕೆಲಸ ಕನಸು ಕಂಡು ಇವತ್ತು ಇನ್ನೊಂದು ಮೇಜಿನ ಮುಂದೆ ಕೂತಿದ್ದೀರಿ. ಈ ವಾರ ಆ ಕೆಲಸವನ್ನು ದೇವರ ಸೈನ್ಯದ ಸಾಮಾನು ಎಂದು ತಿಳಿದು ನಂಬಿಗಸ್ತಿಕೆಯಿಂದ ಮಾಡಿ. ಪಾಲು ಹಂಚುವವನು ಮೇಲಧಿಕಾರಿಯಲ್ಲ, ದಾವೀದನ ಕುಮಾರನಾದ ಯೇಸು.

ಎಲ್ಲರೂ ಕಣ್ಣು ಮುಚ್ಚಿ ಪ್ರಾರ್ಥಿಸುವ.

ಪ್ರೀತಿಯುಳ್ಳ ತಂದೆಯೇ, ಹಳ್ಳ ದಾಟಲಾಗದೆ ನಿಂತಿರುವ ನಿನ್ನ ಮಕ್ಕಳನ್ನು ನೀನು ಬಲ್ಲೆ. ನೀನು ಹೇಳದ್ದನ್ನು ನಿನ್ನ ಹೆಸರಿನಲ್ಲಿ ಹೇಳಿದ ನನ್ನ ಬಾಯಿಯನ್ನು ಶುದ್ಧಮಾಡು. ದಣಿದವರಿಗೆ ವಿಶ್ರಾಂತಿ ಕೊಡು, ಹಿಂದೆ ಬಂದವರಿಗೆ ಒಬ್ಬ ಬಾರ್ನಬನನ್ನು ಕೊಡು. ರಜೆಗೆ ಬರುವ ನಮ್ಮ ತಮ್ಮ ಈ ಬಾಗಿಲಲ್ಲಿ ತಲೆ ಎತ್ತಿ ಒಳಗೆ ಬರಲಿ. ಯೇಸುವಿನ ನಾಮದಲ್ಲಿ ಬೇಡುತ್ತೇವೆ ತಂದೆಯೇ. ಆಮೆನ್.